ನಾಲ್ಕನೇ ಕುರ್ಚಿಯ ತಲೆಗಳು

“ಕುರ್ಚಿ ತಗೋ, ಬೇಡ ಅನ್ನಲ್ಲ. ಡ್ರಾಯರಲ್ಲಿರೋ ಆ ಡಬ್ಬಿ ಮಾತ್ರ ಮುಟ್ಟಬೇಡ ಕಣೇ,” ಎಂದಳು ಎರಡನೇ ಕುರ್ಚಿಯಾಕೆ. ಪಕ್ಕದಲ್ಲಿ ಡ್ರೈಯರ್ ಗುಂಯ್‌ಗುಡುತ್ತಿತ್ತು. ಆಕೆಯ ದನಿ ಎಷ್ಟು ತಗ್ಗಿತ್ತೆಂದರೆ ಹೊಸಬಳು ಕಿವಿ ಮುಂದೆ ಮಾಡಿ ಕೇಳಬೇಕಾಯಿತು.

ಆ ಸಲೂನಿನಲ್ಲಿ ಹೆಸರು ಹಿಡಿದು ಕರೆಯುವ ರೂಢಿಯೇ ಇರಲಿಲ್ಲ. ಒಡತಿ ಆರು ಕುರ್ಚಿಗಳನ್ನು ಆರು ಜನಕ್ಕೆ ಬಾಡಿಗೆಗೆ ಬಿಟ್ಟಿದ್ದಳು. ಕುರ್ಚಿ, ಕನ್ನಡಿ, ನೀರು, ಕರೆಂಟು ಒಡತಿಯದು. ಕತ್ತರಿ, ಟವೆಲ್, ಬಣ್ಣದ ಟ್ಯೂಬು ಅವರವರದು. ಗಿರಾಕಿಯೂ ಅವರವರದೇ. ಗಿರಾಕಿಯನ್ನು ಅಲ್ಲಿ ‘ತಲೆ’ ಎನ್ನುತ್ತಿದ್ದರು. ಒಬ್ಬಳ ತಲೆಯನ್ನು ಇನ್ನೊಬ್ಬಳು ಕರೆಯಬಾರದು ಎಂಬುದೊಂದೇ ಅಲ್ಲಿನ ಕಟ್ಟುಪಾಡು. ಉಳಿದಂತೆ ಯಾರು ಏನು ಬೇಕಾದರೂ ಮಾಡಿಕೊಳ್ಳಬಹುದಿತ್ತು.

ಡಬ್ಬಿಯೆಂದರೆ ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿ. ಒಳಗೆ ಇಪ್ಪತ್ತಮೂರು ಕಾರ್ಡು. ಒಂದೊಂದರ ಮೇಲೂ ಒಂದು ತಲೆಯ ಫೋನ್ ನಂಬರು, ಯಾವ ಬಣ್ಣ ಎಷ್ಟು ಗ್ರಾಂ, ಎಷ್ಟು ನಿಮಿಷ. ಪಕ್ಕದಲ್ಲಿ, ಬಣ್ಣ ಹೋಲಿಸಿ ನೋಡಲೆಂದು ಟೇಪಿನಿಂದ ಅಂಟಿಸಿದ ಅದೇ ತಲೆಯ ಒಂದು ಎಳೆ ಕೂದಲು. ಈ ಕಸುಬಿನವರೆಲ್ಲ ಹೀಗೆ ಇಟ್ಟುಕೊಳ್ಳುತ್ತಾರೆ. ಆದರೆ ಈ ಎಳೆಗಳಿಗೆಲ್ಲ ಕಪ್ಪು ದಾರ ಸುತ್ತಿತ್ತು.

“ಹದಿನೆಂಟು ವರ್ಷ ಈ ನಾಲ್ಕನೇ ಕುರ್ಚಿ ನಿನಗಿಂತ ಮುಂಚೆ ಇದ್ದವಳದ್ದು,” ಎಂದಳು ಎರಡನೆಯಾಕೆ. “ಲಕ್ವ ಹೊಡೆದು ಬಲಗೈ ಬಿದ್ದುಹೋಯ್ತು. ಆಸ್ಪತ್ರೇಲಿದ್ದಾಗಲೇ ಒಡತಿ ಕುರ್ಚಿ ಖಾಲಿ ಮಾಡಿಸಿದ್ಲು. ವಾಪಸ್ ಬಂದವಳು ಜಗಳಾನೇ ಆಡಲಿಲ್ಲ. ಒಂದು ಮಧ್ಯಾಹ್ನ ಪೂರ್ತಿ ಇಲ್ಲೇ ಕೂತು ಎಡಗೈಲಿ, ಹಲ್ಲಲ್ಲಿ ಕಚ್ಚಿ, ಒಂದೊಂದಕ್ಕೂ ದಾರ ಸುತ್ತಿದ್ಲು. ತುಟಿ ಅಲ್ಲಾಡ್ತಾನೇ ಇತ್ತು. ಆ ತಲೆಗಳು ತಾವಾಗಿ ಬಂದ್ರೆ ಕತ್ತರಿಸು, ತಪ್ಪಿಲ್ಲ. ನೀನಾಗಿ ಕರೆದ್ಯೋ, ಆ ತಲೆಗೆ ಆಗೋದೆಲ್ಲ ನೀನು ಪ್ರಾಣ ಇಟ್ಕೊಂಡಿರೋ ತಲೆಗೂ ಆಗುತ್ತೆ. ನಾನು ಒಬ್ಬಳನ್ನ ಕರೆದಿದ್ದೆ, ಅವಳ ಕಾರ್ಡು ಈಗ ಇದರಲ್ಲಿಲ್ಲ. ಅವಳ ಕೂದಲೆಲ್ಲ ಉದುರಿತು, ಆಮೇಲೆ ತೀರ್ಕೊಂಡ್ಲು, ಅದಕ್ಕೇ ಅಲ್ಲಿಗೆ ನಿಂತಿತು. ನಮ್ಮೆಜಮಾನ್ರ ತಲೆ ನೋಡಿದೀಯಲ್ಲ?”

“ಅಯ್ಯೋ ಅಕ್ಕ, ಬೊಕ್ಕತಲೆಗೆ ಮಾಟ ಬೇರೆ ಬೇಕಾ? ವಯಸ್ಸು ಸಾಲದಾ?” ಎಂದು ಹೊಸಬಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೂರನೆಯವಳೂ ಐದನೆಯವಳೂ ನಗಲಿಲ್ಲ. ಕನ್ನಡಿಯಲ್ಲಿ ಎಲ್ಲರೂ ಒಟ್ಟಿಗೆ ಮುಖ ತಗ್ಗಿಸಿದರು.

ನಗುವುದೇನೋ ನಕ್ಕಳು. ಆದರೆ ಮೂರು ವಾರ ನಾಲ್ಕನೇ ಕುರ್ಚಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ದೊಡ್ಡ ಸಲೂನಿನಲ್ಲಿ ಜಗಳವಾಡಿ, ‘ಇನ್ಮೇಲೆ ನನಗೆ ನಾನೇ ಯಜಮಾನಿ’ ಎಂದು ಎದೆಯೆತ್ತಿ ಬಂದವಳು ಇವಳು. ಈಗ ಬೆಳಗಿನಿಂದ ಸಂಜೆಯವರೆಗೆ ಕತ್ತರಿ ಒರೆಸುತ್ತಾ ಕೂರುವಂತಾಯಿತು. ಗಂಡನೆಂಬವನು ಬಿಟ್ಟುಹೋಗಿ ಎರಡು ವರ್ಷ. ಮನೆಯಲ್ಲಿ ಇದ್ದವರು ತಾಯಿ, ಮತ್ತೆ ಆರು ವರ್ಷದ ಪುಟ್ಟಿ. ಪುಟ್ಟಿಯೆಂದರೆ ಇವಳಿಗೆ ಜೀವ. ಕೆಲಸ ಕೈತಪ್ಪಿದರೆ ಮಗುವನ್ನು ಅದರಪ್ಪ ಬಂದು ಕರೆದೊಯ್ಯುತ್ತಾನೆ ಎಂಬ ಭಯ ಇವಳನ್ನು ಊಟ ಮಾಡಲೂ ಬಿಡುತ್ತಿರಲಿಲ್ಲ.

ಇಪ್ಪತ್ತೆರಡನೆಯ ದಿನ ಡಬ್ಬಿ ತೆರೆದಳು. ಅಮೋನಿಯದ ಘಾಟು, ಅದರಡಿ ಸುಟ್ಟ ಕೂದಲಿನ ವಾಸನೆ. ಮೂಗು ಮುಚ್ಚಿಕೊಂಡೇ ದಾರಗಳನ್ನೆಲ್ಲ ಕತ್ತರಿಸಿ ಕಸದ ಬುಟ್ಟಿಗೆ ಹಾಕಿದಳು. ಒಂದೇ ಮಧ್ಯಾಹ್ನ ಇಪ್ಪತ್ತಮೂರು ಜನಕ್ಕೂ ಫೋನು ಮಾಡಿದಳು. ‘ನಿಮ್ಮ ಬಣ್ಣದ ಲೆಕ್ಕ ನನ್ನ ಹತ್ತಿರವೇ ಇದೆ, ಬನ್ನಿ.’ ಎರಡನೆಯಾಕೆ ಕೆಲಸ ಅರ್ಧಕ್ಕೆ ಬಿಟ್ಟು ಹೊರಗೆ ಹೋಗಿ ನಿಂತಳು.

ಮೊದಲು ಬಂದದ್ದು ನಿವೃತ್ತ ಹೆಡ್‌ಮಿಸ್ಟ್ರೆಸ್. ಸೊಂಟದವರೆಗಿದ್ದ ಕೂದಲನ್ನು ಹೆಗಲವರೆಗೆ ತೆಗೆಸಿಕೊಂಡು, ಬೆನ್ನು ಹಗುರಾಯಿತೆಂದು ಹರಸಿ ಹೋದರು. ಆ ಸಂಜೆ ಪುಟ್ಟಿಯ ಉದ್ದನೆಯ ಜಡೆ ತುಂಡಾಗಿ ಹೆಗಲಿಗೆ ನಿಂತಿತ್ತು.

“ಯಾರೇ ಕತ್ತರಿಸಿದ್ದು? ಕತ್ತರಿ ಎಲ್ಲಿ ಸಿಕ್ತು ನಿಂಗೆ?”

“ನಾನಲ್ಲಮ್ಮ. ಅದಾಗೇ ಬಿದ್ದೋಯ್ತು.”

ಸುಳ್ಳು ಹೇಳ್ತೀಯಾ ಎಂದು ಕೆನ್ನೆಗೊಂದು ಬಿಟ್ಟಳು. ಮಗು ಅಳಲೂ ಇಲ್ಲ, ಬೆಪ್ಪಾಗಿ ನೋಡಿತು. ಎರಡು ದಿನ ಬಿಟ್ಟು ಒಬ್ಬ ಗುಮಾಸ್ತೆಯ ತಲೆಗೆ ತಾಮ್ರದ ಬಣ್ಣ ಹಾಕಿ ಮನೆಗೆ ಬಂದರೆ, ಮಲಗಿದ್ದ ಪುಟ್ಟಿಯ ಕೂದಲು ಹೊಸ ತಾಮ್ರದ ಚೊಂಬಿನಂತೆ ಮಿಂಚುತ್ತಿತ್ತು. ದಿಂಬಿಗೆಲ್ಲ ಅಮೋನಿಯದ ಘಾಟು. ಆ ಮನೆಯಲ್ಲಿ ಬಣ್ಣದ ಟ್ಯೂಬೇ ಇರಲಿಲ್ಲ. ಎರಡನೆಯಾಕೆಯ ಮಾತು ನೆನಪಾಯಿತು. ಆದರೂ ನಂಬಲು ಮನಸ್ಸು ಒಪ್ಪಲಿಲ್ಲ. ನಂಬಿದರೆ ಮುಂದೇನು ಮಾಡಬೇಕೋ ಅವಳಿಗೆ ಗೊತ್ತಿರಲಿಲ್ಲ, ಪಾಪ.

ಮೂರನೆಯ ತಲೆ ಒಬ್ಬ ಟೈಲರಮ್ಮ, ದಟ್ಟ ಕೂದಲಿನ ಗಟ್ಟಿಗಿತ್ತಿ. ಅವಳನ್ನು ಕೂರಿಸಿ, ಹೊದಿಕೆ ಕಟ್ಟಿ, ಹೊಸಬಳು ಫೋನನ್ನು ಕನ್ನಡಿಯ ಮುಂದೆ ಸ್ಪೀಕರಿಗೆ ಹಾಕಿಟ್ಟಳು.

“ಅಮ್ಮ, ಪುಟ್ಟಿ ಎಲ್ಲಿದಾಳೆ?”

“ನನ್ನ ತೊಡೆ ಮೇಲೇ ಇದಾಳೆ. ಯಾಕೆ?”

ಎಡಗಡೆಯ ಒಂದು ಹಿಡಿ ಕೂದಲನ್ನು ಬೆರಳ ಸಂದಿಯಲ್ಲಿ ಹಿಡಿದಳು. ಕತ್ತರಿಸಿದಳು. ಕಚಕ್.

ಫೋನಿನಲ್ಲಿ ತಾಯಿಯ ಕೂಗು. “ಅಯ್ಯಯ್ಯೋ! ಎಡಗಡೆ ಉದುರಿತು ಕಣೇ! ನನ್ನ ಮಡಿಲಿಗೇ! ಯಾರೂ ಮುಟ್ಟಲಿಲ್ಲ!”

ಕತ್ತರಿ ಕೈಜಾರಿ ನೆಲಕ್ಕೆ ಬಿತ್ತು. “ನಾನು ಕತ್ತರಿಸಲ್ಲ, ಹೋಗಿ, ದಯವಿಟ್ಟು ಹೋಗಿ,” ಎಂದು ಹೊಸಬಳು ಹೊದಿಕೆ ಕಿತ್ತಳು. ಟೈಲರಮ್ಮ ಬಿಟ್ಟಾಳೆ? “ಹುಚ್ಚು ಹಿಡಿದಿದ್ಯಾ ನಿಂಗೆ? ಅರ್ಧ ತಲೇಲಿ ಬೀದೀಲಿ ಹೋಗ್ಲಾ?” ಎಂದು ಬಾಯಿಗೆ ಬಂದಂತೆ ಬೈದು, ರಸ್ತೆ ದಾಟಿ ಎದುರಿನ ಅಂಗಡಿಗೆ ನುಗ್ಗಿದಳು.

ಗಾಜಿನಾಚೆ ಎಲ್ಲವೂ ಕಾಣುತ್ತಿತ್ತು. ಎದುರಂಗಡಿಯವನು ಅವಳನ್ನು ಕೂರಿಸಿದ. ಬಾಚಿದ. ಕತ್ತರಿ ಎತ್ತಿದ.

“ಬಲಗಡೆ! ಬಲಗಡೇನೂ ಹೋಯ್ತು!” ಎಂದು ಫೋನು ಚೀರಿತು.

ಅವನು ಮತ್ತೆ ಕತ್ತರಿ ಎತ್ತಿದ. ಫೋನು ಮತ್ತೆ ಚೀರಿತು.

ಎರಡನೆಯಾಕೆ ಹಿಂದೆ ಬಂದು ನಿಂತಿದ್ದಳು. “ಕತ್ತರಿ ಯಾರದಾದ್ರೇನು? ಕರೆದವಳು ನೀನು. ಅವರು ಎಲ್ಲಿ ತಲೆ ಕೊಟ್ರೂ ಅಷ್ಟೇ,” ಎಂದಳು. ಅವಳ ಕಣ್ಣಲ್ಲೂ ನೀರಿತ್ತು.

ಇಪ್ಪತ್ತಮೂರು ತಲೆ. ಊರೆಲ್ಲ ಹರಡಿದ ತಲೆಗಳು. ಹೊಸಬಳು ಮನೆಗೆ ಓಡಿ ಪುಟ್ಟಿಯ ತಲೆ ಬೋಳಿಸಿದಳು. ಬೀಳಲು ಏನೂ ಇಲ್ಲದಿದ್ದರೆ ಏನು ಬಿದ್ದೀತು ಎಂಬ ಲೆಕ್ಕ ಅವಳದು. ಮಗು ಬಿಕ್ಕುತ್ತಿತ್ತು. ಅವಳೂ ಬಿಕ್ಕುತ್ತಾ, ಮುದ್ದು ಮಾಡುತ್ತಾ ಬೋಳಿಸಿದಳು. ಮರುದಿನ ಬೆಳಿಗ್ಗೆ ಊರಿನ ಯಾವ ಮೂಲೆಯಲ್ಲೋ ಯಾರೋ ಕೂದಲು ಕತ್ತರಿಸಿಕೊಂಡರು. ಪುಟ್ಟಿಯ ಬೋಳುತಲೆಯ ಮೇಲೆ ಕೆಂಪು ಗೀರೊಂದು ಮೂಡಿತು. ರಕ್ತ ಜಿನುಗಿತು. ಕೂದಲು ಮುಗಿದಿತ್ತು. ಇನ್ನು ಚರ್ಮದ ಸರದಿ.

ಮಗುವನ್ನು ತಾಯಿಯ ಕೈಗೆ ಕೊಟ್ಟು, ಸಲೂನಿಗೆ ಹೋಗಿ ಡಬ್ಬಿ ತೆಗೆದು ಅವಳು ಫೋನಿಗೆ ಬಿದ್ದಳು. ಒಬ್ಬೊಬ್ಬರನ್ನೂ ಅಂಗಲಾಚಿ ಬೇಡಿದಳು: ನಾನು ಹೇಳೋತನಕ ಕೂದಲು ಕತ್ತರಿಸಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ. ಹಜಾಮತಿ ಮಾಡುವವಳೇ ಹಾಗೆಂದರೆ ಯಾರು ತಾನೇ ನಗುವುದಿಲ್ಲ? ಕೆಲವರು ನಕ್ಕರು, ಕೆಲವರು ಬೈದರು, ಹೆಡ್‌ಮಿಸ್ಟ್ರೆಸ್ ಮಾತ್ರ ಒಳ್ಳೆಯ ಡಾಕ್ಟರ ವಿಳಾಸ ಕೊಟ್ಟರು. ಹತ್ತೊಂಬತ್ತನೆಯವಳು ಈಜು ಕಲಿಸುವವಳು.

“ಕತ್ತರಿಸಬೇಡ ಅಂದ್ರೆ? ನಾನಾಗ್ಲೇ ಅಂಗಡೀಲಿ ಕೂತಿದೀನಿ ಮಾರಾಯ್ತಿ. ಆ ಕೊಳದ ನೀರಿಗೆ ಕೂದಲು ನಾರಾಗೋಯ್ತು. ಕತ್ತರಿ ಯಾಕೆ, ರೇಜರ್ ಹಾಕಿ ಪೂರ್ತಿ ನುಣ್ಣಗೆ ಮಾಡಿಸ್ಬಿಡ್ತೀನಿ. ನನಗಿಂತ ಮುಂದೆ ಇಬ್ಬರಿದಾರೆ ಅಷ್ಟೇ.”

“ಯಾವ ಅಂಗಡಿ? ಎಲ್ಲಿ? ಹೇಳಿ!”

ನಗು. ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ.

ರೇಜರ್. ಹಣೆಯಿಂದ ಹಿಂದಲೆಯವರೆಗೆ. ಬೋಳುತಲೆಯ ಮೇಲೆ.

ಹೊಸಬಳು ಓಡಿದಳು. ದಾರ ಸುತ್ತಿದ ಹಳೆಯ ನಾಲ್ಕನೆಯವಳ ಮನೆ ಸಲೂನಿನಿಂದ ಮೂರು ಬೀದಿ ಆಚೆ ಎಂದು ಎರಡನೆಯಾಕೆ ಹೇಳಿದ್ದಳು. ಚಪ್ಪಲಿ ಎಲ್ಲೋ ಕಳಚಿಹೋಯಿತು. ಗಾಡಿಯವರು ಬೈದರು. ಎದೆ ಒಡೆಯುವಂತೆ ಮೆಟ್ಟಿಲು ಹತ್ತಿ ಬಾಗಿಲು ಬಡಿದಳು. ಬಾಗಿಲು ತೆರೆದೇ ಇತ್ತು.

ಹೊರಗೆ ಉರಿಬಿಸಿಲು, ಒಳಗೆ ಕತ್ತಲು. ಪರದೆ ಎಳೆದಿತ್ತು. ನೋವಿನ ಮುಲಾಮಿನ ವಾಸನೆ, ಅದರಡಿ ಸುಟ್ಟ ಕೂದಲಿನ ವಾಸನೆ. ಮಂಚದ ತುದಿಯಲ್ಲಿ ಒಬ್ಬಾಕೆ ಕೂತಿದ್ದಳು. ಬಲಗೈ ಯಾರದೋ ಸಾಮಾನಿನಂತೆ ಮಡಿಲಲ್ಲಿ ಬಿದ್ದಿತ್ತು.

“ಎಷ್ಟು ತಲೆ ಕರೆದೆ?”

“ಇಪ್ಪತ್ಮೂರು.”

“ಅಷ್ಟೂನೂ? ಒಂದಾದ್ರೂ ಬಿಡೋಣ ಅನ್ನಿಸಲಿಲ್ವಾ?”

“ಹೊಟ್ಟೆಪಾಡು ಅಕ್ಕ.”

“ನಂದೂ ಹೊಟ್ಟೇನೇ ಆಗಿತ್ತು. ಮೂರು ಬೀದಿ ಆಚೆ ಇದ್ದೆ. ಒಬ್ಬಳಾದ್ರೂ ಬಂದು ಒಂದು ಮಾತು ಕೇಳಿದ್ರೆ ನಾನೇ ದಾರ ಬಿಚ್ಚಿ ಕೊಡ್ತಿದ್ದೆ.”

“ತಪ್ಪಾಯ್ತು. ನಿಮ್ಮ ತಲೆಗಳನ್ನ ವಾಪಸ್ ತಗೊಳಿ. ನನ್ನ ಮಗು ಅಕ್ಕ, ಆರು ವರ್ಷದ್ದು. ಅದೇನು ಮಾಡಿತ್ತು ನಿಮಗೆ?”

“ಏನೂ ಮಾಡಿಲ್ಲ.” ಆಕೆ ತನ್ನ ಬಲಗೈಯತ್ತ ನೋಡಿದಳು. “ತಗೊಳೋಕೆ ನನಗೂ ಆಸೆ. ತಲೆ ತಗೊಂಡ್ರೆ ಸಾಕಾ? ಕೆಲಸ ಮಾಡೋ ಕೈ ಬೇಕಲ್ಲ. ಕೊಡ್ತೀಯಾ?”

ಫೋನು ಅರಚಿತು. ತಾಯಿ. “ರಕ್ತ ಕಣೇ! ಹಣೆಯಿಂದ ಶುರುವಾಗಿದೆ! ಪಟ್ಟಿ ಪಟ್ಟಿಯಾಗಿ ಹೆರೀತಾ ಇದೆ! ಬೇಗ ಬಾರೇ, ಮಗು...” ಹಿಂದೆ ಪುಟ್ಟಿಯ ಕೂಗು. ಮಗುವಿನ ಬಾಯಿಂದ ಅಂಥ ಕೂಗು ಬರಬಾರದು.

ಅವಳು ಮಂಡಿಯೂರಿದಳು. ಆ ಸತ್ತ ಅಂಗೈಯೊಳಗೆ ತನ್ನ ಬಲಗೈ ಇಟ್ಟಳು. “ಕೊಟ್ಟೆ. ಕೊಟ್ಟೆ. ತಗೋ. ತಗೋ!”

ಬೆರಳ ತುದಿಯಿಂದ ಚಳಿ ಹತ್ತಿತು. ಮಣಿಕಟ್ಟು. ಮೊಣಕೈ. ಭುಜ. ಸತ್ತ ಬೆರಳುಗಳು ಒಂದೊಂದಾಗಿ ಅಲುಗಿದವು. ಮಡಚಿದವು. ಅವಳ ಕೈಯನ್ನು ಗಟ್ಟಿಯಾಗಿ ಹಿಡಿದವು. ತನ್ನ ಕೈಯನ್ನು ಅವು ಹಿಡಿದದ್ದು ಅವಳಿಗೆ ತಿಳಿಯಲೇ ಇಲ್ಲ. ಭುಜದ ಕೆಳಗೆ ಅವಳಿಗೆ ಸ್ಪರ್ಶವೇ ಇರಲಿಲ್ಲ.

ಫೋನಿನಲ್ಲಿ ಸದ್ದಿಲ್ಲ.

“ಅಮ್ಮ? ಅಮ್ಮಾ!”

“ನಿಂತಿತು ಕಣೇ,” ಎಂದಿತು ತಾಯಿಯ ದನಿ. “ನಿಂತ್ಬಿಡ್ತು. ಅಳ್ತಿದಾಳೆ. ಅಳ್ತಿದಾಳೆ ಕಣೇ, ಬದುಕಿದಾಳೆ.”

ಮಗು ಬದುಕಿತು. ನೆತ್ತಿಯ ಮುಂಭಾಗದಲ್ಲಿ ನಾಲ್ಕು ಬೆರಳಗಲದ ಗಾಯದ ಕಲೆ ಉಳಿಯಿತು. ಅಲ್ಲಿ ಇನ್ನು ಕೂದಲು ಬರುವುದಿಲ್ಲವೆಂದರು ಡಾಕ್ಟರು. ಉಳಿದ ಕಡೆ ಬಂತು. ಕಣ್ಣಿಗೆ ಬಿತ್ತು, ಕಿವಿ ಮುಚ್ಚಿತು, ಜಡೆಗಟ್ಟಿತು. ಆದರೆ ಕತ್ತರಿ ಕಂಡರೆ ಸಾಕು, ಪುಟ್ಟಿ ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡು ಮೂಲೆ ಸೇರುತ್ತಿದ್ದಳು. ಅಜ್ಜಿ ಯತ್ನಿಸಿ ಸೋತಳು. ನಾಲ್ಕು ಅಂಗಡಿಗಳಿಂದ ಚೀರಾಡುತ್ತಾ ವಾಪಸ್ ಬಂದದ್ದಾಯಿತು. ಬಾಚಿ ಕಟ್ಟೋಣವೆಂದರೂ ಅವಳಮ್ಮನಿಗೆ ಇದ್ದದ್ದು ಎಡಗೈ ಒಂದೇ.

ಕೊನೆಗೆ ಅವಳು ಮಗುವನ್ನು ಆ ಸಲೂನಿಗೇ ಕರೆದೊಯ್ದಳು. ಬೇರೆ ದಾರಿಯಿರಲಿಲ್ಲ. ನಾಲ್ಕನೇ ಕುರ್ಚಿಯಲ್ಲಿ ಹಳೆಯ ನಾಲ್ಕನೆಯವಳು ಮತ್ತೆ ಕೆಲಸ ಶುರು ಮಾಡಿದ್ದಳು. ಅವಳ ಇಪ್ಪತ್ತಮೂರು ತಲೆಗಳೂ ತಿರುಗಿ ಬಂದಿದ್ದವು. ಆಕೆ ಕುರ್ಚಿಯ ಮೇಲೆ ಮಣೆ ಇಟ್ಟು ಪುಟ್ಟಿಯನ್ನು ಕೂರಿಸಿದಳು. ಮಗು ಕಣ್ಣು ಬಿಗಿಯಾಗಿ ಮುಚ್ಚಿ, ಬಾಯಿ ತೆರೆದು ಚೀರಲು ಉಸಿರೆಳೆದುಕೊಂಡಿತು.

ಆಕೆಯ ಬಲಗೈ ಮಗುವಿನ ಕತ್ತನ್ನು ಮುಟ್ಟಿತು. ಹೆಬ್ಬೆರಳು ಕಿವಿಯ ಹಿಂದೆ ಒಮ್ಮೆ ಸವರಿ, ಕೂದಲನ್ನು ಮೆಲ್ಲಗೆ ಮೇಲೆತ್ತಿತು.

ಮಗು ಚೀರಲಿಲ್ಲ. ಅದರ ಹೆಗಲು ಸಡಿಲವಾಯಿತು. ಕಣ್ಣು ಮುಚ್ಚಿಕೊಂಡೇ ಆ ಕೈಗೆ ಕೆನ್ನೆಯೊತ್ತಿತು.

“ಅಮ್ಮಾ, ನೀನಾ ಕತ್ತರಿಸ್ತಿರೋದು?”

ಕನ್ನಡಿಯಲ್ಲಿ ಇಬ್ಬರು ಹೆಂಗಸರೂ ಒಬ್ಬರನ್ನೊಬ್ಬರು ನೋಡಿದರು. ಕತ್ತರಿ ಗಾಳಿಯಲ್ಲಿ ಕಾಯುತ್ತಿತ್ತು.

“ಹೂಂ ಪುಟ್ಟಿ, ನಾನೇ,” ಎಂದಳು ಅವಳಮ್ಮ, ಎರಡು ಹೆಜ್ಜೆ ದೂರದಲ್ಲಿ ನಿಂತು.