ಮಗುಚಿ ನೋಡದ ಮಗ್

ಬಾಗಿಲು ತೆಗೆದವನು ಲೆನ್ ಎಂದು ಥೆಲ್ಮಾಗೆ ತಕ್ಷಣ ಗುರುತೇ ಸಿಗಲಿಲ್ಲ. ಮಗ್ಗುಗಳ ಹಲಗೆಯನ್ನು ಹೆಗಲ ಮೇಲಿಟ್ಟು, ಸಿಳ್ಳೆ ಹಾಕುತ್ತಾ ಪಿಂಗಾಣಿ ಕಾರ್ಖಾನೆಯ ಕುಲುಮೆಗೆ ನಡೆಯುತ್ತಿದ್ದ ಆಳು ಈಗ ಚೌಕಟ್ಟು ಹಿಡಿದು ನಿಂತಿದ್ದ. ಮೂಗಿಗೆ ಆಕ್ಸಿಜನ್ ಕೊಳವೆ. ಕಣ್ಣು ಮಾತ್ರ ಅದೇ, ಕೀಟಲೆಯ ಕಣ್ಣು.

“ಏನೇ, ಸತ್ತಿದ್ದಾನಾ ಅಂತ ನೋಡೋಕೆ ಬಂದ್ಯಾ?”

“ಹೂಂ. ಸ್ವಲ್ಪ ಬೇಗ ಬಂದೆ ಅನ್ಸುತ್ತೆ. ಒಳಗೆ ಬಿಡ್ತೀಯೋ, ಚಳೀಲಿ ನನ್ನೇ ಮೊದ್ಲು ಕಳಿಸ್ತೀಯೋ?”

ಅವನು ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವವರೆಗೆ ಥೆಲ್ಮಾ ಹೊಸ್ತಿಲನ್ನೇ ನೋಡುತ್ತಾ ನಿಂತಳು. ಕಾರ್ಖಾನೆಯ ಮಣ್ಣಿನ ಧೂಳು ಅವನ ಎದೆಯೊಳಗೆ ಮನೆ ಮಾಡಿದೆ, ಇನ್ನು ಹೆಚ್ಚು ದಿನವಿಲ್ಲ ಎಂದು ಪಿಂಗಾಣಿಗೆ ಹೆಸರಾದ ಬರ್ಸ್ಲೆಮ್ ಊರಿನ ಬೀದಿಯೆಲ್ಲ ಮಾತಾಡುತ್ತಿತ್ತು. ಅದನ್ನು ಕೇಳಿಯೇ ಅವಳು ಬಿಗುಮಾನ ಬಿಟ್ಟು ಬಂದಿದ್ದಳು. ಅವನ ಬಾಯಿಂದ ಒಂದು ಉತ್ತರ ಬೇಕಿತ್ತು, ಬೇಡ ಎಂದಾದರೂ ಸರಿ.

ಆಗ ಕಾರ್ಖಾನೆಯಲ್ಲಿ ಥೆಲ್ಮಾಳದು ಮಗ್ಗಿನ ತಳದ ಕೆಲಸ. ಕಾರ್ಖಾನೆಯ, ಊರಿನ ಹೆಸರಿರುವ ಅಚ್ಚು ಚಿತ್ರವನ್ನು ಬೆಚ್ಚಗಿನ ನೀರಲ್ಲಿ ನೆನೆಸಿ, ಕಾಗದದಿಂದ ಜಾರಿಸಿ, ಮಗ್ಗಿನ ತಳಕ್ಕೆ ಕೂರಿಸಿ, ಗಾಳಿಗುಳ್ಳೆ ಉಳಿಯದಂತೆ ರಬ್ಬರಿನಿಂದ ಒತ್ತುವುದು. ಆಮೇಲೆ ಅದನ್ನು ಸುಡುವುದು ಲೆನ್. ಆ ಊರಿನವರು ಎಲ್ಲೇ ಹೋಗಲಿ, ಮದುವೆಯೂಟವಾಗಲಿ, ಸಾವಿನ ಮನೆಯ ಟೀ ಆಗಲಿ, ಕಪ್ಪನ್ನು ಮಗುಚಿ ತಳ ನೋಡದೆ ಬಾಯಿಗಿಡುವವರಲ್ಲ. ತಮ್ಮೂರಿನ ಹೆಸರು ಕಂಡರೆ ಟೀಯೂ ರುಚಿ.

ಹೀಗಿರುವಾಗ ಯಜಮಾನರು ಹೊರದೇಶದಲ್ಲಿ ಮಾಡಿದ ಅಗ್ಗದ ಮಗ್ಗುಗಳನ್ನು ತರಿಸಿ, ತಳಕ್ಕೆ ಊರಿನ ಹೆಸರು ಅಂಟಿಸಿ ಎಂದರು. ಲೆನ್ ಹಲಗೆ ಕೆಳಗಿಟ್ಟು ಹೊರಟುಹೋದ. ಅವ್ವನ ಔಷಧಿ, ಮನೆ ಬಾಡಿಗೆ ಎಲ್ಲ ತಲೆಯ ಮೇಲಿದ್ದ ಥೆಲ್ಮಾ ತುಟಿ ಕಚ್ಚಿ ಅಂಟಿಸಿದಳು. “ಸುಳ್ಳಿಗೆ ಹೆಸರಿಡೋ ಕೈ,” ಎಂದು ಅವನು ಗೇಟಿನಲ್ಲಿ ಎಲ್ಲರೆದುರು ಹೇಳಿದ್ದ. ಅದು ಎದೆಗೆ ನಾಟಿತ್ತು. ಕೋಪಕ್ಕಿಂತ ಹೆಚ್ಚಾಗಿ ಅವನಿಲ್ಲದ ಕುಲುಮೆಮನೆ ನೋವು ಕೊಡುತ್ತಿತ್ತು.

ಆಮೇಲೆ ಊರಿನ ಮಣ್ಣಿನ ಕೊನೆಯ ಮಗ್ಗುಗಳನ್ನು ಸುಡುವ ದಿನ ಬಂತು. ಅವಳು ಒಂದನ್ನು ಎತ್ತಿಟ್ಟುಕೊಂಡು, ಕಾರ್ಖಾನೆಯ ಹೆಸರಿರಬೇಕಾದ ಜಾಗಕ್ಕೆ ತಾನೇ ಅಚ್ಚು ಹಾಕಿದ ನೀಲಿ ಅಕ್ಷರ ಅಂಟಿಸಿ ಸುಡಿಸಿದಳು. ತನ್ನ ಹೆಸರಿನ ಚೀಟಿ ಸಿಕ್ಕಿಸಿ ಅವನ ಬಾಗಿಲಲ್ಲಿ ಇಟ್ಟು ಬಂದಳು. ಅಂದಿನಿಂದ ಪ್ರತಿ ಭಾನುವಾರ ಎರಡು ತಟ್ಟೆ ಇಟ್ಟು ಕಾದಳು. ಅವನು ಬರಲಿಲ್ಲ. ಹೀಗೇ ಮೂರು ವರ್ಷ ಹೋಯಿತು.

ಈಗ ಅವನು ಒಳಗೆ ಕಾಲ ಮೇಲೆ ಕಂಬಳಿ ಹೊದ್ದು ಕೂತಿದ್ದ; ಪಕ್ಕದಲ್ಲಿ ಅದೇ ಮಗ್ಗಿನಲ್ಲಿ ಅವನ ಟೀ ಹಬೆಯಾಡುತ್ತಿತ್ತು. ಅಂಚಿನ ಬಣ್ಣ ಮಾಸಿತ್ತು.

“ಇದ್ರಲ್ಲೇ ಕುಡೀತೀಯಾ?”

“ದಿನಾ.”

ಥೆಲ್ಮಾ ಮಗ್ಗಿನತ್ತ ಬೆರಳು ಮಾಡಿದಳು. “ದಿನಾ ಕುಡ್ದು, ಉತ್ತರ ಕೊಡ್ದೇ ಇದ್ಯಲ್ಲ. ನಾನು ಅಷ್ಟು ಕೆಟ್ಟವಳೇನೋ?”

“ಯಾವುದಕ್ಕೆ ಉತ್ತರ?”

ಅವಳು ಅವನನ್ನೇ ನೋಡಿದಳು. ಅವನು ನಾಟಕವಾಡುತ್ತಿರಲಿಲ್ಲ.

“ಲೆನ್... ತಳ ನೋಡಿಲ್ವಾ?”

“ಇಲ್ಲ.”

“ತೊಳೆದು ಬೋರಲು ಹಾಕೋವಾಗ್ಲೂ?”

“ಬೋರಲು ಹಾಕಲ್ಲ. ನೆಟ್ಟಗೇ ಇಡ್ತೀನಿ.” ಅವನು ಕಂಬಳಿಯ ಅಂಚು ಹಿಡಿದ. “ತಳದಲ್ಲಿ ಆ ಸುಳ್ಳು ಹೆಸರು ಇರುತ್ತೆ ಅಂದ್ಕೊಂಡೆ ಕಣೇ. ನೋಡಿದ್ರೆ ಸಿಟ್ಟು ಬಂದು ಒಡೆದು ಹಾಕ್ಬಿಡ್ತಿದ್ದೆ. ನೀನು ಕೊಟ್ಟಿದ್ದು. ಒಡೆಯೋಕೆ ಮನಸ್ಸಿರ್ಲಿಲ್ಲ.”

ಅವನು ಮಗ್ ಎತ್ತಿ, ಟೀ ಇದ್ದ ಹಾಗೆಯೇ ಮಗುಚಿದ. ಟೀ ಕಂಬಳಿಯ ಮೇಲೆಲ್ಲ ಹರಿಯಿತು. ಅವಳು “ಅಯ್ಯೋ, ಸುಡುತ್ತೆ!” ಎಂದು ಟವೆಲ್ ಹಿಡಿದು ಓಡಿದರೂ ಅವನು ಕೈ ಇಳಿಸಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು, ಉಸಿರು ಕೂಡಿಸಿಕೊಂಡು ಓದಿದ.

*ಭಾನುವಾರ ಊಟಕ್ಕೆ ಬಾ. ಆಮೇಲೆ ಹೋಗಬೇಡ. – ಥೆಲ್ಮಾ*

ಮತ್ತೆ ಮೊದಲಿಂದ ಎರಡನೆಯ ಸಲ ಓದಿದ.

“ತಳ ನೋಡು ಅಂತ ಒಂದ್ಮಾತು ಹೇಳ್ಬಾರ್ದಿತ್ತೇನೇ?”

“ಈ ಊರಲ್ಲಿ ಯಾರಿಗಾದ್ರೂ ಅದನ್ನ ಹೇಳ್ಬೇಕೇನೋ?” ಎನ್ನುತ್ತಲೇ ಥೆಲ್ಮಾ ಅತ್ತುಬಿಟ್ಟಳು. ಒದ್ದೆ ಕಂಬಳಿಯ ಪಕ್ಕ ಮೊಣಕಾಲೂರಿ, ಅವನ ತೋಳಿಗೆ ಮುಖ ಒತ್ತಿ ಅತ್ತಳು. ಅವನ ಕೈ ಅವಳ ಕೂದಲ ಮೇಲೆ ಬಂತು. ಹೋದ ಭಾನುವಾರಗಳನ್ನು ತಂದುಕೊಡುವ ಶಕ್ತಿ ಆ ಕೈಯಲ್ಲಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

“ಇವತ್ತು ಏನು ವಾರ?” ಅವನು ಕೇಳಿದ.

“ಮಂಗಳವಾರ.”

“ಭಾನುವಾರದ ತನಕ ಇರ್ತೀನಿ ಅಂತ ನನ್ನ ನಂಬ್ಕೋಬೇಡ, ಥೆಲ್ಮಾ.”

ಅವಳು ಎದ್ದು ಮೂಗೊರೆಸಿಕೊಂಡಳು. ಕೋಟು ಬಿಚ್ಚಿ, ಬಾಗಿಲ ಹಿಂದೆ ಅವನ ಕೋಟಿನ ಪಕ್ಕದ ಮೊಳೆಗೆ ತೂಗುಹಾಕಿದಳು. ಅಡುಗೆಮನೆಯಲ್ಲಿ ಓಟ್ಸ್ ರೊಟ್ಟಿಯ ಪೊಟ್ಟಣ, ಒಂದಿಷ್ಟು ಚೀಸ್ ಸಿಕ್ಕಿತು.

“ನುಂಗೋಕೆ ಆಗ್ದೇ ಇರ್ಬಹುದು ಕಣೇ,” ಎಂದು ಅವನು ಕೂಗಿದ.

“ಆಗೋವಷ್ಟು ತಿನ್ನು. ನನಗೇನು ಹೋಗೋ ಅವಸರ ಇಲ್ಲ,” ಎಂದು ಥೆಲ್ಮಾ ಎರಡು ತಟ್ಟೆ ಇಳಿಸಿದಳು.