ಇಂಡಿ ರೋಡಿನಿಂದ ನಿಂಬಾಳದ ತನಕ

ಗಾಡಿ ಹೋಟಗಿ ದಾಟುವವರೆಗೆ ಚೀಟಿ ಒಡೆಯುವ ಹಾಗಿಲ್ಲ. ಅದು ನಮ್ಮ ಬಳಗದ ನಿಯಮ.

ತಿಂಗಳಿಗೊಂದು ರಜೆಯ ದಿನ ಸೋಲಾಪುರದಲ್ಲಿ ಬೆಳಗಿನ ಪ್ಯಾಸೆಂಜರ್ ಹತ್ತುತ್ತೇವೆ. ಟಿಕೆಟ್ ವಿಜಾಪುರದ ತನಕ. ಆದರೆ ನಡುವೆ ಯಾವುದೋ ಸ್ಟೇಷನ್ನಿನಲ್ಲಿ ಇಳಿದು, ಹೊಲ, ಹಳ್ಳ, ಬದು ಎಲ್ಲ ನಡೆದು, ಇನ್ನೊಂದು ಸ್ಟೇಷನ್ನಿನಲ್ಲಿ ಸಂಜೆಯ ಗಾಡಿ ಹಿಡಿಯುತ್ತೇವೆ. ದಾರಿ ಆರಿಸುವ ಸರದಿ ಪ್ರತಿ ಸಲ ಒಬ್ಬೊಬ್ಬರದು. ಆರಿಸಿದವರು ಅದನ್ನು ಚೀಟಿಯಲ್ಲಿ ಬರೆದು, ಅಂಟಿಸಿ, ಬಸಂತರಾಯ ಸರ್ ಕೈಗೆ ಕೊಡಬೇಕು. ಸರ್ ರಿಟೈರ್ ಆದ ಪಿ.ಟಿ. ಮಾಸ್ತರು. ಕೊರಳಲ್ಲಿ ಇನ್ನೂ ಸೀಟಿ ಇದೆ.

ಈ ಸಲದ ಸರದಿ ಅಮಿತನದು.

ಅದಕ್ಕೇ ನಾನು ಬಂದಿದ್ದು. ಅದಕ್ಕೇ ಮೊದಲ ಬಾರಿ ಅಪ್ಪನಿಗೆ ಸುಳ್ಳು ಹೇಳಿದ್ದು. "ಎಳ್ಳ ಅಮಾಸಿಗಿ ಬರಾಕ ಆಗೂದಿಲ್ಲಪ್ಪ, ಪ್ರ್ಯಾಕ್ಟಿಕಲ್ ಪರೀಕ್ಷಾ ಐತಿ" ಅಂದಿದ್ದೆ. ಫೋನಿನ ಆ ಕಡೆ ಅಪ್ಪ "ಛಲೋ ಬರಿ" ಅಂದಿದ್ದ. ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಸರ್ ಚೀಟಿ ಒಡೆದು ಓದಿದರು. "ಇಂಡಿ ರೋಡಿನ್ಯಾಗ ಇಳಿಯೂದು. ನಿಂಬಾಳದಾಗ ಹತ್ತೂದು. ಹದಿನೈದು ಕಿಲೋಮೀಟರ್. ನಾಲ್ಕು ನಲವತ್ತೈದರ ಗಾಡಿ. ಯಾರೂ ಕಾಲ ಎಳ್ಯಾಂಗಿಲ್ಲ!"

ಆ ಹದಿನೈದು ಕಿಲೋಮೀಟರಿನ ನಡುಮಧ್ಯೆ ನಮ್ಮೂರಿದೆ. ಊರಿಗೆ ಮೊದಲು ನಮ್ಮ ಹೊಲ.

ಎದುರು ಸೀಟಿನಿಂದ ಅಮಿತ ನನ್ನನ್ನೇ ನೋಡುತ್ತಿದ್ದ. ಉಡುಗೊರೆ ಕೊಟ್ಟು, ಬಿಚ್ಚಿ ನೋಡಲಿ ಅಂತ ಕಾಯುವವನ ಹಾಗೆ. ಹುಬ್ಬು ಒಂಚೂರು ಮೇಲೆ, ತುಟಿಯ ಒಂದು ತುದಿಯಲ್ಲಿ ನಗು.

"ಹೆಂಗೈತಿ?" ಅಂದ.

"ಏನ ಹೆಂಗೈತಿ?"

"ನಮ್ಮ ಕಡೆ ಜ್ವಾಳ ಆಳೆತ್ತರ ನಿಂತಿರ್ತೈತಿ, ನೀವು ಸೋಲಾಪುರದ ಮಂದಿ ಏನ ನೋಡೀರಿ ಅಂತಿದ್ದಿ. ನೋಡೂಣು ಅಂತ ಬಂದೆ."

"ನನ್ನ ಕೇಳಬೇಕಿತ್ತಿಲ್ಲೊ?"

"ಕೇಳಿದ್ರ ಸರ್ಪ್ರೈಜ್ ಹೆಂಗಾಗ್ತೈತಿ?"

ನಾನು ಕಿಟಕಿಯ ಕಡೆ ತಿರುಗಿದೆ. ನಾಲ್ಕು ತಿಂಗಳಿಂದ ಈ ಹುಡುಗನ ಹೆಜ್ಜೆಯ ಸಪ್ಪಳ ಕೇಳಿಯೇ ಗುರುತು ಹಿಡಿಯುವ ಹಾಗಾಗಿದ್ದೆ. ಇವತ್ತು ಅವನನ್ನು ಗಾಡಿಯಿಂದ ಹೊರಗೆ ನೂಕಬೇಕು ಅನಿಸಿತು.

ಇಂಡಿ ರೋಡಿನಲ್ಲಿ ಇಳಿದಾಗ ಎಂಟು ಹೊಡೆದಿತ್ತು. ಸ್ಟೇಷನ್ನಿನ ಹೊರಗೆ ಬಂದು ಅಮಿತ ಊರೇ ಕಾಣದೆ ಸುತ್ತ ನೋಡಿದ. "ಇಂಡಿ ಎಲ್ಲಿ?"

"ಇಂಡಿ ಇಂಡ್ಯಾಗೈತಿ. ಇದು ಇಂಡಿ ರೋಡ್" ಅಂದೆ. ಸಿಟ್ಟಿನಲ್ಲಿದ್ದೆ, ಆದರೂ ನಗು ಬಂತು. ಅದು ಕಾಣಬಾರದು ಅಂತ ಸ್ಕಾರ್ಫ್ ತೆಗೆದು, ಸೋಲಾಪುರದಲ್ಲಿ ಸ್ಕೂಟರ್ ಓಡಿಸುವ ಹುಡುಗಿಯರ ಹಾಗೆ ಕಣ್ಣಷ್ಟೇ ಬಿಟ್ಟು ಮುಖ ಪೂರ್ತಿ ಸುತ್ತಿಕೊಂಡೆ.

"ಬಿಸಲ ಇನ್ನೂ ಏರಿಲ್ಲ" ಅಂದ.

"ಏರ್ತೈತಿ."

ನನ್ನ ರೂಮ್‌ಮೇಟ್ ಸಗೀರಾಗೆ ಮಾತ್ರ ಎಲ್ಲ ಗೊತ್ತು. ಅವಳು ಕಿವಿಯಲ್ಲಿ ಅಂದಳು, "ಮಾರಿ ಮುಚ್ಚಿದಿ. ನಡಿಗಿ ಏನ ಮಾಡ್ತಿ? ನಿಮ್ಮಪ್ಪ ನಡಿಗಿ ನೋಡೇ ಹಿಡೀತಾರ." ನಾನು ಸ್ವಲ್ಪ ಕುಂಟಲು ಶುರು ಮಾಡಿದೆ. ಹತ್ತು ಹೆಜ್ಜೆಗೆ ಸರ್ ಸೀಟಿ ಊದಿದರು. "ವಿದ್ಯಾವತಿ! ಕಾಲಿಗೆ ಏನಾತು?" ಕುಂಟುವುದನ್ನು ಬಿಟ್ಟೆ.

"ಸರ್, ಕೆನಾಲ್ ದಂಡಿಗುಂಟ ಹೋಗೂಣು. ನೆರಳ ಇರ್ತೈತಿ" ಅಂದೆ.

"ಚೀಟ್ಯಾಗ ಬರದಿದ್ದ ದಾರಿನ ದಾರಿ."

ಸರ್‌ಗೂ ಗೊತ್ತಿರಲಿಲ್ಲ, ಅಮಿತನಿಗೂ ಗೊತ್ತಿರಲಿಲ್ಲ. ಎಳ್ಳ ಅಮಾವಾಸ್ಯೆಯ ದಿನ ನಮ್ಮ ಕಡೆ ಟೈಂ ಹಿಡಿದು ನಡೆಯಲು ಆಗುವುದಿಲ್ಲ. ಊರಿಗೆ ಊರೇ ಅಡಿಗೆ ಕಟ್ಟಿಕೊಂಡು ಹೊಲಕ್ಕೆ ಬಂದಿರುತ್ತದೆ. ಬದುವಿನ ಮೇಲೆ ಹೋಗುವವರು ಯಾರೇ ಇರಲಿ, ಗುರುತಿರಲಿ ಬಿಡಲಿ, ಕರೆದು ಉಣ್ಣಿಸದೆ ಬಿಡುವುದಿಲ್ಲ. ಒಲ್ಲೆ ಅಂದರೆ ಭೂಮಿತಾಯಿಯ ಊಟ ಒಲ್ಲೆ ಅಂದ ಹಾಗೆ.

ಮೊದಲ ಹೊಲದಲ್ಲಿ ಸಾವಿತ್ರವ್ವ ಅನ್ನುವ ಅಜ್ಜಿ ನಡುದಾರಿಯಲ್ಲಿ ಎರಡು ಕೈ ಅಗಲಿಸಿ ನಿಂತುಬಿಟ್ಟಳು. "ಉಂಡ ಹೋಗ್ರಿ."

"ಟ್ರೇನ್ ಐತ್ರಿ ಅಮ್ಮಾ" ಅಂದರು ಸರ್.

"ಟ್ರೇನ್ ದಿನಾ ಬರ್ತೈತಿ. ಅಮಾಸಿ ದಿನಾ ಬರ್ತೈತೇನು?"

ಸಜ್ಜಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ. ಎರಡನೇ ಹೊಲದಲ್ಲಿ ಮತ್ತೆ ಅದೇ, ಜೊತೆಗೆ ಗಟ್ಟಿ ಮೊಸರು. ಮೂರನೆಯದರಲ್ಲಿ ಸರ್ ಬೆಲ್ಟಿನ ಒಂದು ತೂತು ಸಡಿಲ ಮಾಡಿದರು. ಅಮಿತ ಮಾತ್ರ ಎಲ್ಲ ಕಡೆ ಮೊದಲ ಸಲ ಉಣ್ಣುವವನ ಹಾಗೆ ಉಂಡ. ಬಡಿಸುವ ಮುದುಕಿಯರ ಮುಖ ನೋಡಿ, "ಇನ್ನೊಂದ ಹಾಕ್ರಿ" ಅನ್ನುತ್ತಿದ್ದ. ನಾನು ಸ್ಕಾರ್ಫಿನ ಒಳಗಿಂದ ಚೂರು ಚೂರು ತುತ್ತು ಇಟ್ಟುಕೊಂಡೆ. ಕದ್ದು ತಿಂದ ಹಾಗಾಗುತ್ತಿತ್ತು.

ದಾರಿಯಲ್ಲಿ ಅವನು ನನ್ನ ಪಕ್ಕಕ್ಕೆ ಬಂದ. ಎರಡೂ ಕಡೆ ಜೋಳ, ತಲೆಯ ಮೇಲೆ ತೆನೆ. ಗಾಳಿ ಬಂದಾಗೆಲ್ಲ ಸರಸರ ಸದ್ದು.

"ನಿಜಾನ ಆಳೆತ್ತರ ಐತಿ" ಅಂದ. "ವಿದ್ಯಾ, ಸಿಟ್ಟ ಯಾಕ?"

"ಇಲ್ಲ."

"ನಿನ್ನ ಕಣ್ಣಷ್ಟೇ ಕಾಣಾಕತ್ತಾವು. ಅಷ್ಟರಾಗೂ ಸಿಟ್ಟ ಕಾಣ್ತೈತಿ."

ಉತ್ತರ ಬಾಯಿಗೆ ಬಂದಿತ್ತು. ಆದರೆ ಅಷ್ಟರಲ್ಲಿ ಮುಂದೆ ನಮ್ಮ ಬನ್ನಿಗಿಡ ಕಂಡಿತು.

ಅದರ ಕೆಳಗೆ ಅಪ್ಪ. ಬಿಳಿ ಅಂಗಿ, ಟೋಪಿ. ಪಕ್ಕದಲ್ಲಿ ಚಾಪೆಯ ಮೇಲೆ ಕಸ್ತೂರೆವ್ವ ಆಯಿ, ಅಪ್ಪನ ಅವ್ವ. ಪಾಂಡವರು ಅಂತ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪೂಜೆ ಮುಗಿಸಿದ್ದರು. ನನ್ನ ಅವ್ವ ಕಾಣಲಿಲ್ಲ. ಮೊಣಕಾಲು ನೋವಿನಿಂದ ಮನೆಯಲ್ಲೇ ಉಳಿದಿರಬೇಕು. ಪ್ರತಿ ವರ್ಷ ತುಂಬಿರುತ್ತಿದ್ದ ಆ ನೆರಳಲ್ಲಿ ಇವತ್ತು ಇಬ್ಬರೇ.

"ಬರ್ರಿ, ಬರ್ರಿ!" ಅಪ್ಪ ಕೈ ಬೀಸಿದ. "ಛಲೋ ಟೈಮಿಗೆ ಬಂದ್ರಿ ನೋಡ್ರಿ. ಎಲ್ಲಿಂದ?"

"ಸೋಲಾಪುರದಿಂದ" ಅಂದರು ಸರ್.

"ಹೌದಾ! ನನ್ನ ಮಗಳೂ ಅಲ್ಲೇ ಕಲಿಯಾಕತ್ಯಾಳ್ರಿ. ಬಿ.ಎಸ್‌ಸಿ. ಇವತ್ತ ಪರೀಕ್ಷಾ ಐತಿ ಆಕಿದು. ಅದಕ್ಕ ಬಂದಿಲ್ಲ." ಅದನ್ನು ಹೇಳುವಾಗ ಅಪ್ಪನ ದನಿಯಲ್ಲಿ ಹೆಮ್ಮೆ ಇತ್ತು.

ಅಮಿತ ಮೆಲ್ಲಗೆ ನನ್ನ ಕಡೆ ತಿರುಗಿದ. ಅವನ ಕಣ್ಣು ಮೊದಲು ಸ್ಕಾರ್ಫಿನ ಮೇಲೆ, ಆಮೇಲೆ ಅಪ್ಪನ ಮುಖದ ಮೇಲೆ, ಮತ್ತೆ ನನ್ನ ಕಣ್ಣಿನ ಮೇಲೆ ಬಂದು ನಿಂತಿತು. ಎಲ್ಲ ಅರ್ಥವಾಗಿತ್ತು ಅವನಿಗೆ. ಅವನ ಮುಖದ ಬಣ್ಣವೇ ಇಳಿಯಿತು.

ಆಯಿ ನನ್ನನ್ನೇ ನೋಡುತ್ತಿದ್ದಳು. "ಯಾಕ ತಂಗಿ, ಮಾರಿ ಕಟಗೊಂಡ ಉಣ್ತಿಯೇನ?"

"ಆಕಿಗೆ ಧೂಳ ಆಗಿಬರಂಗಿಲ್ರಿ ಆಯಿ" ಅಂದಳು ಸಗೀರಾ.

"ಧೂಳ ಆಗಿಬರದಾಕಿ ಹೊಲಕ್ಯಾಕ ಬಂದ್ಳು?"

ಅಪ್ಪ ಚರಗದ ಬುಟ್ಟಿ ಎತ್ತಿಕೊಂಡ. ಉಣ್ಣುವ ಮೊದಲು ಅಡಿಗೆಯನ್ನೆಲ್ಲ ಕಲಸಿ ಹೊಲದ ಸುತ್ತ ಚೆಲ್ಲಬೇಕು. ಅದಕ್ಕೆ ಇಬ್ಬರು ಬೇಕು. ಮುಂದಿನವರು ಚರಗ ಚೆಲ್ಲುತ್ತ ಒಂದು ಕೂಗು ಕೂಗುತ್ತಾರೆ. ಹಿಂದಿನವರು ನೀರು ಚಿಮುಕಿಸುತ್ತ ಅದಕ್ಕೆ ಉತ್ತರ ಕೊಡುತ್ತಾರೆ. ಆರು ವರ್ಷದವಳಿದ್ದಾಗಿಂದ ಅಪ್ಪನ ಹಿಂದೆ ನೀರಿನ ತಂಬಿಗೆ ಹಿಡಿದವಳು ನಾನೇ.

"ಮಗಳ ಕೆಲಸ ಇದು. ಇವತ್ತ ಯಾರರೆ ಒಬ್ರು ನನ್ನ ಹಿಂದ ಬರ್ರಿ" ಅಂದ ಅಪ್ಪ.

ಯಾರೂ ಏಳುವ ಮೊದಲೇ ಅಮಿತ ಎದ್ದು ತಂಬಿಗೆ ಹಿಡಿದುಕೊಂಡ. ನನ್ನ ಕಡೆ ನೋಡಲಿಲ್ಲ. ನನ್ನನ್ನು ಬಚ್ಚಿಡಲಿಕ್ಕೆ ಅವನಿಗೆ ತೋಚಿದ್ದು ಅಷ್ಟೇ ಇರಬೇಕು.

ಇಬ್ಬರೂ ಜೋಳದೊಳಗೆ ಇಳಿದರು. ಬೆನ್ನು ಮರೆಯಾಯಿತು. ತೆನೆ ಅಲ್ಲಾಡುವುದು ಮಾತ್ರ ಕಾಣುತ್ತಿತ್ತು.

"ಹುಲ್ಲುಲ್ಲಿಗೋ!" ಅಪ್ಪನ ಕೂಗು.

ಉತ್ತರವಿಲ್ಲ.

ಸೋಲಾಪುರದ ಪೇಟೆಯ ಹುಡುಗ. ಅವನಿಗೇನು ಗೊತ್ತು?

"ಹುಲ್ಲುಲ್ಲಿಗೋ!" ಈ ಸಲ ತುಸು ಜೋರು. ಮತ್ತೂ ಉತ್ತರವಿಲ್ಲ. ಆಯಿ ಕುತ್ತಿಗೆ ಎತ್ತಿ ಹೊಲದ ಕಡೆ ನೋಡಿದಳು.

ಸುಮ್ಮನೆ ಕೂತಿದ್ದರೆ ಆಗುತ್ತಿತ್ತು. ಉಂಡು, ಕೈ ತೊಳೆದು, ಗಾಡಿ ಹತ್ತಿದ್ದರೆ ನನ್ನ ಕಾಲೇಜು, ನನ್ನ ರೂಮು, ತಿಂಗಳಿಗೊಮ್ಮೆ ಅಮಿತನ ಜೊತೆಗಿನ ನಡಿಗೆ, ಎಲ್ಲ ಹಾಗೇ ಉಳಿಯುತ್ತಿತ್ತು. ಬಾಯಿ ಬಿಟ್ಟರೆ ಅಪ್ಪ ಇವತ್ತೇ ನನ್ನನ್ನು ಮನೆಗೆ ಕರೆದುಕೊಂಡು ಹೋಗಬಹುದು. ಮತ್ತೆ ಕಳಿಸದೆಯೂ ಇರಬಹುದು.

"ಹುಲ್ಲುಲ್ಲಿಗೋ…" ಮೂರನೆಯ ಕೂಗಿನಲ್ಲಿ ಮೊದಲಿನ ಜೋರು ಇರಲಿಲ್ಲ. ಹದಿನಾಲ್ಕು ವರ್ಷದಲ್ಲಿ ಅಪ್ಪನ ಕೂಗು ಹೀಗೆ ಒಂಟಿಯಾಗಿ ಬಿದ್ದದ್ದು ನಾನು ಕೇಳಿರಲಿಲ್ಲ.

ಎದ್ದು ನಿಂತೆ. ಸ್ಕಾರ್ಫ್ ಕೆಳಗೆ ಎಳೆದೆ.

"ಸಲಾಂಬ್ರಿಗೋ!"

ಅಲ್ಲಾಡುತ್ತಿದ್ದ ತೆನೆ ನಿಂತವು.

ಆಯಿ ನನ್ನ ಕೈ ಹಿಡಿದು ಜಗ್ಗಿದಳು. "ಬಂದ ಕೂಡ್ಲೇ ಕಣ್ಣ ನೋಡೇ ಗೊತ್ತಾಗಿತ್ತ ನನಗ" ಅಂದಳು. "ನೀನಾಗೇ ಹೇಳ್ತಿ ಅಂತ ಸುಮ್ಮನಿದ್ದೆ."

ಅಪ್ಪ ಜೋಳದಿಂದ ಹೊರಗೆ ಬಂದ. ಹಿಂದೆ ತಂಬಿಗೆ ಹಿಡಿದ ಅಮಿತ, ತಪ್ಪು ಮಾಡಿದ ಹುಡುಗನ ಹಾಗೆ. ಅಪ್ಪ ನನ್ನ ಪ್ಯಾಂಟು, ಬೂಟು, ಬೆನ್ನ ಮೇಲಿನ ಬ್ಯಾಗು ನೋಡಿದ. ಬೈಯಲಿಲ್ಲ.

"ಅರ್ಧ ಹೊಲ ಉಳದೈತಿ" ಅಂದ. "ಬಾ."

ಅಮಿತ ತಂಬಿಗೆ ಕೊಟ್ಟ. ಬೆರಳು ತಾಗಿತು. ಅವನ ಬೆರಳು ತಣ್ಣಗಿತ್ತು. "ಕಾಕಾ" ಅಂದ ಅಪ್ಪನಿಗೆ, "ಈ ದಾರಿ ಆರಿಸಿದಾಂವ ನಾನು. ಆಕಿಗೆ ಗೊತ್ತಿರಲಿಲ್ಲ. ತಪ್ಪು ನಂದು."

"ದಾರಿ ನಿಂದು. ಸುಳ್ಳು ಆಕಿದು" ಅಂದ ಅಪ್ಪ. "ಎರಡೂ ಕೂಡಸಬ್ಯಾಡಪ್ಪ."

ಉಳಿದ ಅರ್ಧ ಹೊಲ ಸುತ್ತಿದೆವು. ಅಪ್ಪ ಕೂಗಿದ, ನಾನು ಉತ್ತರ ಕೊಟ್ಟೆ. ನಡುವೆ ಒಮ್ಮೆ ನಿಂತು, ತಿರುಗಿ ನೋಡದೆ ಕೇಳಿದ.

"ಪರೀಕ್ಷಾ?"

"ಇಲ್ಲಪ್ಪ."

"ಆ ಹುಡುಗ?"

"ಅಂವಗ ನಾ ಇನ್ನೂ ಏನೂ ಹೇಳಿಲ್ಲ. ಅಂವಾನೂ ಹೇಳಿಲ್ಲ."

"ಅಂದ್ರ ಹೇಳೂದು ಏನೋ ಐತಿ."

ನಾನು ತಂಬಿಗೆಯ ನೀರು ಚಿಮುಕಿಸಿದೆ. ಅಪ್ಪ ಮತ್ತೊಂದು ಹಿಡಿ ಚೆಲ್ಲಿದ. "ಇವತ್ತ ಗಾಡಿ ಹತ್ತಬ್ಯಾಡ. ನಾಳೆ ನಾನ ಬಿಡಾಕ ಬರ್ತೇನಿ. ನೀ ಎಲ್ಲೆಲ್ಲಿ ಅಡ್ಡಾಡ್ತಿ ಎಲ್ಲಾ ತೋರಸು."

ಬಿಡಲು ಬರುತ್ತೇನೆ ಅಂದ. ಕಾಲೇಜು ಬಿಡಿಸುತ್ತೇನೆ ಅನ್ನಲಿಲ್ಲ. ಜೋಳದ ಎಲೆಯ ಮರೆಯಲ್ಲಿ ನಾನು ಅತ್ತುಬಿಟ್ಟೆ.

ಊಟವಾಯಿತು. ಎರಡೂವರೆಗೆ ಸರ್ ಸೀಟಿ ಊದಿದರು. ಅಮಿತನನ್ನು ಬದುವಿನ ತುದಿಯವರೆಗೆ ಬಿಡಲು ಹೋದೆ. ಆಯಿ ಹಿಂದಿನಿಂದ ನೋಡುತ್ತಿದ್ದುದರಿಂದ ನಡುವೆ ಒಂದು ಮಾರು ದೂರ.

"ಸಾರಿ" ಅಂದ. "ನೀ ಎಲ್ಲಿ ಬೆಳದಿ ಅಂತ ನೋಡಬೇಕು ಅನಸಿತ್ತು. ಅಷ್ಟ."

"ನೋಡಿದ್ಯಾ?"

"ಹೂಂ." ಹೊಲ ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದ, ಇಡೀ ದಿನ ಮುಚ್ಚಿದ್ದ ಮುಖವನ್ನು ಒಮ್ಮೆಲೇ ತುಂಬಿಕೊಳ್ಳುವವನ ಹಾಗೆ. ಏನೋ ಹೇಳಲು ಬಾಯಿ ತೆರೆದ. ಸರ್ ಮತ್ತೆ ಸೀಟಿ ಊದಿದರು. ಓಡಿದ.

ನಾಲ್ಕು ಮುಕ್ಕಾಲು ದಾಟಿತು. ಸ್ವಲ್ಪ ಹೊತ್ತಿಗೆ ಗಾಡಿಯ ಸದ್ದು ದೂರದಲ್ಲಿ ಸೋಲಾಪುರದ ಕಡೆ ಹೋಯಿತು. ಅಪ್ಪ ಪಾತ್ರೆ ಕಟ್ಟುತ್ತಿದ್ದವನು ತಲೆ ಎತ್ತಿದ.

"ಹತ್ತಿದ್ರೊ ಇಲ್ಲೊ? ಹೊಟ್ಟಿ ತುಂಬ ಉಂಡ ನಡದಾರ. ಫೋನ್ ಹಚ್ಚಿ ಕೇಳು."

"ಇಲ್ಲಿ ರೇಂಜ್ ಇಲ್ಲಪ್ಪ."

"ಬಾವಿ ಕಟ್ಟಿ ಮ್ಯಾಲೆ ನಿಂದರು. ಅಲ್ಲಿಂದನ ನಾ ದಿನಾ ನಿನಗ ಹಚ್ಚೂದು."

ದಿನಾ ಸಂಜೆ ಏಳಕ್ಕೆ ಬರುವ ಫೋನು. ಓದುತ್ತಿದ್ದೇನೆ ಅಂತ ಎಷ್ಟು ಸಲ ಎರಡು ಮಾತಿನಲ್ಲಿ ಮುಗಿಸಿಬಿಟ್ಟಿದ್ದೆ. ಅಪ್ಪ ಕತ್ತಲಲ್ಲಿ ಇಲ್ಲಿಯ ತನಕ ನಡೆದು, ಈ ಕಟ್ಟೆ ಹತ್ತಿ ನಿಲ್ಲುತ್ತಿದ್ದ ಅನ್ನುವುದು ಗೊತ್ತೇ ಇರಲಿಲ್ಲ.

ಕಟ್ಟೆ ಹತ್ತಿದೆ. ಅಪ್ಪ ಕೆಳಗೆ ಬಂದು ನಿಂತ. ಒಂದೇ ರಿಂಗಿಗೆ ಅಮಿತ ಎತ್ತಿದ.

"ಎಲ್ಲಿದಿ?"

"ನಿಂಬಾಳದಾಗ."

"ಗಾಡಿ ಹೋತಲ್ಲ!"

"ಹೋತು. ಎಲ್ಲಾರೂ ಹತ್ತಿದ್ರು. ಕಡೀ ಹೊಲದಾಗ ಒಬ್ಬಾಕಿ ಆಯಿ ಕರದ್ಲು. ನಾ ಕುಂತೆ."

"ಏನಂತ?" ಕೆಳಗಿನಿಂದ ಅಪ್ಪ.

"ಗಾಡಿ ತಪ್ಪಿತಂತ. ಒಬ್ನ ಉಳದಾನಂತ. ಯಾರೋ ಉಣ್ಣಾಕ ಕರದ್ರಂತ."

"ಐದನೇ ಊಟಾನಾ?" ಅಪ್ಪ ಟೋಪಿ ಸರಿಸಿ ತಲೆ ಕೆರೆದುಕೊಂಡ. "ಊಟಕ್ಕ ತಪ್ಪಿತೊ, ಬೇಕಂತ ತಪ್ಪಿಸಿದ್ನೊ?"

ನಾನು ಅಪ್ಪನ ಮುಖ ನೋಡಿದೆ. "ಕೇಳ್ಲಿ?"

"ಕೇಳು."

"ಅಮಿತ, ಅಪ್ಪ ಕೇಳಾಕತ್ತಾರ. ಬೇಕಂತ ತಪ್ಪಿಸಿದ್ಯಾ?"

ಪೂರ್ತಿ ದಿನದಲ್ಲಿ ಅವನು ಆಡಿದ ಅತಿ ಸಣ್ಣ ದನಿಯಲ್ಲಿ: "ಹೌದು ಅನ್ನು. ಬದುವಿನ ಮ್ಯಾಲೆ ಹೇಳಬೇಕಂತಿದ್ದು ಹೇಳಾಕ ಆಗ್ಲಿಲ್ಲ. ಹೇಳದ ಹೋಗಾಕ ಕಾಲು ಏಳ್ಲಿಲ್ಲ."

"ಹೌದಂತ ಅಪ್ಪ" ಅಂದೆ. ಉಳಿದದ್ದನ್ನು ನಾನೇ ಇಟ್ಟುಕೊಂಡೆ.

ಅಪ್ಪ ಜೋಳದ ಕಡೆ ನೋಡಿದ. ಬಿಸಿಲು ಇಳಿದು ತೆನೆಗಳ ತುದಿ ಮಾತ್ರ ಹೊಳೆಯುತ್ತಿತ್ತು. ಆಮೇಲೆ ಅಂಗಿಯ ಜೇಬಿನಿಂದ ಬೈಕಿನ ಚಾವಿ ತೆಗೆದ.

"ಸ್ಟೇಷನ್ ಬಿಟ್ಟ ಎಲ್ಲೂ ಹೋಗಬ್ಯಾಡ ಅನ್ನು" ಅಂದ. "ಮನಿಗಿ ಕರಕೊಂಡ ಹೋಗಾಕ ನಾ ಒಬ್ನ ಬರ್ತೇನಿ. ದಾರ್‍ಯಾಗ ಮಾತಾಡೂಣು."