ಎರಡು ಬಾಟಲಿ, ಒಂದೇ ಸಂಖ್ಯೆ

ಸರಿಯಾಗಿ ನೋಡಿದ್ದೇನೆಯೇ? ಎರಡು ಸಲ ನೋಡಿದ್ದೇನೆ. ಆದರೂ ‘ಇಲ್ಲ’ ಎಂಬ ಎರಡಕ್ಷರ ನಾಲಿಗೆಯ ತುದಿಯಲ್ಲಿ ಯಾಕೆ ನಿಂತುಬಿಟ್ಟಿದೆ? ತಾನು ಇಲ್ಲ ಎಂದರೆ ಪಕ್ಕದಲ್ಲಿ ಕುಳಿತ ಹೆಂಗಸಿನ ಕೆಲಸ ಹೋಗುತ್ತದೆ. ಕೆಲಸದ ಜೊತೆಗೆ ಮಾನವೂ. ಇನ್ನೊಮ್ಮೆ ನೋಡಿ ಹೇಳುತ್ತೇನೆ ಎನ್ನಬಹುದು. ಹಾಗೆಂದರೆ ತಾನೇ ಕೂರಿಸಿದ ಯಂತ್ರದ ಮೇಲೆ ತನಗೇ ನಂಬಿಕೆ ಇಲ್ಲ ಎಂದಂತೆ.

“ನಿಮ್ಮನ್ನೇ ಕೇಳಿದ್ದು,” ಎಂದರು ನಿರ್ದೇಶಕಿ. “ಸೋಮವಾರ ಆ ವರದಿ ಯಂತ್ರಕ್ಕೆ ಹೋಗಿದೆಯಾ, ಇಲ್ವಾ?”

“ಇಲ್ಲ ಮೇಡಂ.”

“ಯಂತ್ರ ತಪ್ಪು ತೋರಿಸ್ತಿರಬಹುದಾ?”

“ಯಂತ್ರ ಸುಳ್ಳು ಹೇಳಲ್ಲ.”

ಹೇಳಿದ ಮೇಲೆ ಅವನ ಕಿವಿ ಬಿಸಿಯಾಯಿತು.

ಅದು ನೀರು ಪರೀಕ್ಷಿಸುವ ಪ್ರಯೋಗಾಲಯ. ಅವನು ಅಲ್ಲಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ಪಕ್ಕದಲ್ಲಿ ಕುಳಿತವಳು ಹಿರಿಯ ಪರೀಕ್ಷಕಿ, ಎಲ್ಲರಿಗೂ ಅಕ್ಕ. ವಸತಿ ಶಾಲೆಯೊಂದರ ತೊಟ್ಟಿಯ ನೀರನ್ನು ಪರೀಕ್ಷಿಸಿದ್ದು ಆಕೆ. ನೀರು ಕುಡಿಯಲು ಯೋಗ್ಯವಲ್ಲ ಎಂದು ಸೋಮವಾರವೇ ತಿಳಿದಿತ್ತು. ಕೆಟ್ಟ ನೀರಿನ ವರದಿ ಯಂತ್ರಕ್ಕೆ ಸೇರಿದರೆ ಸಂಜೆ ನಾಲ್ಕಕ್ಕೆ ಆ ನೀರು ಬಳಸುವವರಿಗೆ ಎಚ್ಚರಿಕೆ ತಾನಾಗಿ ಹೋಗುತ್ತದೆ. ಸೋಮವಾರ ಹೋಗಲಿಲ್ಲ. ಇಂದು ಬುಧವಾರ. ಹತ್ತೊಂಬತ್ತು ಮಕ್ಕಳು ಆಸ್ಪತ್ರೆಯಲ್ಲಿದ್ದಾರೆ. ಒಬ್ಬಳು ಹುಡುಗಿ ಇನ್ನೂ ಕಣ್ಣು ಬಿಟ್ಟಿಲ್ಲ.

“ನಾನು ಹಾಕಿದೀನಿ ಮೇಡಂ,” ಎಂದಳು ಅಕ್ಕ. “ಊಟಕ್ಕೂ ಏಳದೆ ಹಾಕಿದೀನಿ. ನಾಲ್ಕು ಗಂಟೆಯ ಎಚ್ಚರಿಕೆ ತಪ್ಪಬಾರದು ಅಂತ. ವರದಿ ಸಂಖ್ಯೆ ಬಂತು, ಚೀಟಿ ಬಂತು, ಬಾಟಲಿಗೆ ಅಂಟಿಸ್ದೆ. ಆರುನೂರ ಹದಿನೇಳು.”

“ಆರುನೂರ ಹದಿನೇಳು ಐಸ್ ಕಾರ್ಖಾನೆಯ ನೀರು. ಎರಡೂವರೆಗೆ ಮೀಸೆ ಹಾಕಿದ್ದು. ಯಂತ್ರದಲ್ಲಿ ಹಾಗೇ ಇದೆ.” ಮೀಸೆ ಎಂದರೆ ಇನ್ನೊಬ್ಬ ಪರೀಕ್ಷಕ, ಎಲ್ಲರೂ ಕರೆಯುವುದು ಹಾಗೇ. ನಿರ್ದೇಶಕಿಯ ದನಿ ಏರಲಿಲ್ಲ. “ಮಕ್ಕಳು ಆಸ್ಪತ್ರೆ ಸೇರಿದ ಮೇಲೆ ನೀವು ಕಾರ್ಖಾನೆಯ ಚೀಟಿಯನ್ನ ಇನ್ನೊಂದು ಸಲ ಮುದ್ರಿಸಿ ನಿಮ್ಮ ಬಾಟಲಿಗೆ ಅಂಟಿಸಿದ್ದೀರಿ.”

ಅಕ್ಕ ಎದ್ದು ನಿಂತಳು. ಬೈಯುತ್ತಾಳೆ ಎಂದುಕೊಂಡ. ಬೈಯಲಿಲ್ಲ. ಅವನತ್ತ ತಿರುಗಿ, “ನಿಮ್ಮ ಯಂತ್ರ ಬರೋಕೆ ಮುಂಚೆ ನನ್ನ ಹತ್ರ ವರದಿ ಬರೆದಿಡೋ ಒಂದು ಪುಸ್ತಕ ಇತ್ತು,” ಎಂದಳು. “ಬೇಡ ಅಂದ್ರಿ. ಕೊಟ್ಟುಬಿಟ್ಟೆ.”

“ನಾಳೆ ಹನ್ನೆರಡಕ್ಕೆ ವಜಾ ಪತ್ರಕ್ಕೆ ಸಹಿ ಹಾಕ್ತೀನಿ,” ಎಂದರು ನಿರ್ದೇಶಕಿ. “ಅಷ್ಟರೊಳಗೆ ಯಾರಿಗಾದರೂ ಏನಾದರೂ ಸಿಕ್ಕರೆ ತನ್ನಿ.”

*

ಸರ್ವರ್ ಕೋಣೆ ಎಂದರೆ ಮೆಟ್ಟಿಲ ಕೆಳಗಿನ ಒಂದು ಗೂಡು. ಕಿಟಕಿ ಇಲ್ಲ. ಒಂದು ಕುರ್ಚಿ, ಒಂದು ತಂಪು ಯಂತ್ರ, ಕಪ್ಪು ಪೆಟ್ಟಿಗೆಯೊಂದು.

ಹಿಂದಿನ ವರ್ಷದವರೆಗೆ ಐದು ಹಳೆಯ ಯಂತ್ರಗಳಿದ್ದವು. ಐದೂ ಸರದಿಯ ಮೇಲೆ ಕೆಡುತ್ತಿದ್ದವು. ಅವನೊಂದು ಗಟ್ಟಿ ಯಂತ್ರ ತರಿಸಿ ಅದಕ್ಕೆ ಲಿನಕ್ಸ್ ಎಂಬ, ಕಾಸಿಲ್ಲದೆ ಸಿಗುವ ತಂತ್ರಾಂಶ ಹಾಕಿದ. ಅದರ ಮೇಲೆ ವರ್ಚುವಲ್ ಯಂತ್ರಗಳನ್ನು ನಡೆಸುವ ತಂತ್ರಾಂಶ ಕೂರಿಸಿದ. “ಪುಕ್ಕಟೆ ಸಿಗೋದಕ್ಕೆ ಜವಾಬ್ದಾರಿ ಯಾರು?” ಎಂದು ನಿರ್ದೇಶಕಿ ಆಗ ಕೇಳಿದ್ದರು. “ನಾನು,” ಎಂದಿದ್ದ, ಎದೆಯುಬ್ಬಿಸಿ. ಒಂದು ದೊಡ್ಡ ಪೆಟ್ಟಿಗೆಯೊಳಗೆ ಐದು ಚಿಕ್ಕ ಪೆಟ್ಟಿಗೆಗಳಿವೆ ಎಂದುಕೊಳ್ಳಿ, ಒಂದೊಂದೂ ತಾನೇ ಪೂರ್ತಿ ಕಂಪ್ಯೂಟರ್ ಎಂದುಕೊಂಡಿರುತ್ತದೆ ಎಂದು ಎಲ್ಲರಿಗೂ ವಿವರಿಸಿದ. ಅಂದಿನಿಂದ ಅವನ ಹೆಸರೇ ಪೆಟ್ಟಿಗೆ ಎಂದಾಯಿತು.

ಈಗ ಅವನು ವರದಿಗಳ ಪೆಟ್ಟಿಗೆಯನ್ನು ಮೂರನೇ ಸಲ ತೆರೆದ. 616 ಇತ್ತು, ಸೋಮವಾರ ಹನ್ನೆರಡೂ ಐವತ್ತಕ್ಕೆ. 617, ಐಸ್ ಕಾರ್ಖಾನೆ, ಎರಡೂವರೆಗೆ. ನಡುವೆ ಏನೂ ಇಲ್ಲ. ಅಳಿಸಿದ ಗುರುತೂ ಇಲ್ಲ. ಯಾರಾದರೂ ಒಂದು ವರದಿ ಅಳಿಸಿದರೆ ಅದರ ಸಂಖ್ಯೆ ಖಾಲಿ ಉಳಿಯುತ್ತದೆ, ಇನ್ನೊಬ್ಬರಿಗೆ ಹೋಗುವುದಿಲ್ಲ.

ಹಾಗಾದರೆ ಆಕೆ ಸುಳ್ಳು ಹೇಳುತ್ತಿದ್ದಾಳೆ.

ಚೀಟಿ! ಮರುಮುದ್ರಣದ ಚೀಟಿಗೆ ಮೂಲೆಯಲ್ಲಿ ಕಪ್ಪು ಚುಕ್ಕೆ ಬೀಳುವಂತೆ ಮಾಡಿದವನು ತಾನೇ. ಅದನ್ನು ಆ ಕೋಣೆಯಲ್ಲಿ ಹೇಳಬೇಕೆಂದು ತನಗೆ ಹೊಳೆಯಲೇ ಇಲ್ಲ. ಯಂತ್ರ ಸುಳ್ಳು ಹೇಳಲ್ಲ ಎನ್ನುವ ಅವಸರದಲ್ಲಿದ್ದ.

*

ಪರೀಕ್ಷೆಯಾದ ಬಾಟಲಿಗಳನ್ನು ಹದಿನೈದು ದಿನ ಉಗ್ರಾಣದ ತಂಪು ಕಪಾಟಿನಲ್ಲಿಡುತ್ತಾರೆ. ಉಗ್ರಾಣ ನೋಡಿಕೊಳ್ಳುವವನು ಅವನ ಸ್ವಂತ ಅಣ್ಣ. ಹನ್ನೆರಡು ವರ್ಷ ದೊಡ್ಡವನು. ಇಲ್ಲಿ ಅವನಿಗೆ ಕೆಲಸ ಕೊಡಿಸಿದವನೂ ಆತನೇ.

“ಎರಡು ಬಾಟಲಿ ಬೇಕಣ್ಣ. ಶಾಲೇದು, ಐಸ್ ಕಾರ್ಖಾನೇದು.”

ಅಣ್ಣ ಕೈಗವಸಿನ ಡಬ್ಬಿಗಳನ್ನು ಜೋಡಿಸುತ್ತಿದ್ದ. ಒಂದು ಡಬ್ಬಿ ಜಾರಿ ಬಿತ್ತು. ಎತ್ತಿಕೊಳ್ಳಲಿಲ್ಲ.

“ಅಕ್ಕನ್ನ ನಿಜವಾಗ್ಲೂ ತೆಗೀತಾರೇನೋ?”

“ನಾಳೆ ಹನ್ನೆರಡಕ್ಕೆ.”

“ಏನೂ ಮಾಡೋಕಾಗಲ್ವಾ?”

“ನೋಡೋಣ.”

“ನಿಂದೊಂದು ನೋಡೋಣ,” ಎಂದು ಅಣ್ಣ ಬೀಗದ ಕೈ ತೆಗೆದ. ನಗಲಿಲ್ಲ.

ಕಿಟಕಿಯ ಬೆಳಕಿಗೆ ಬಾಟಲಿಗಳನ್ನು ಅಕ್ಕಪಕ್ಕ ಹಿಡಿದ. ಎರಡರ ಮೇಲೂ 617. ಎರಡರಲ್ಲೂ ಚುಕ್ಕೆ ಇಲ್ಲ. ಎರಡೂ ಅಸಲು.

ಯಂತ್ರ ಒಂದೇ ಸಂಖ್ಯೆಯನ್ನು ಎರಡು ಸಲ ಹೊಸದಾಗಿ ಕೊಟ್ಟಿದೆ. ಯಂತ್ರ ಅಂಥ ಕೆಲಸ ಮಾಡುವುದಿಲ್ಲ. ಮೊದಲ ಸಲ ಕೊಟ್ಟದ್ದು ಅದಕ್ಕೆ ನೆನಪಿದ್ದರೆ.

*

“ಬಂದ ನೋಡಿ ಪತ್ತೇದಾರ,” ಎಂದ ಮೀಸೆ, ನಳಿಕೆಗಳನ್ನು ತೊಳೆಯುತ್ತ. ಅವನ ಮೀಸೆಯ ಒಂದು ತುದಿಗೆ ಸೋಪಿನ ನೊರೆ ಹತ್ತಿತ್ತು. “ಐಸ್ ಕಾರ್ಖಾನೆಯವರು ನನಗೇನು ಕೊಟ್ರು ಅಂತ ಕೇಳೋಕೆ ಬಂದ್ಯಾ? ಐಸೂ ಕೊಟ್ಟಿಲ್ಲ ಮಾರಾಯ.”

“ಸೋಮವಾರ ಎರಡೂವರೆಗೆ ನೀನು ವರದಿ ಹಾಕ್ದಾಗ ಏನಾದ್ರೂ ಬೇರೆ ಥರ ಕಾಣಿಸ್ತಾ?”

“ಕಾಣಿಸೋದೇನು, ಒಳಗೇ ಬಿಡ್ಲಿಲ್ಲ. ಬೆಳಿಗ್ಗೆ ಒಂದು ಸಲ ಹೆಸರು, ಪಾಸ್‌ವರ್ಡ್ ಹೊಡೆದಿದ್ದೆ. ಊಟ ಮಾಡಿ ಬಂದ್ರೆ ಮತ್ತೆ ಯಾರಪ್ಪಾ ನೀನು ಅಂತು. ನನಗೊಬ್ಬನಿಗೇ ಅಲ್ಲ, ಎಲ್ಲರಿಗೂ.”

“ಯಾಕೆ ನನಗೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಏನಂತೀಯ ಗೊತ್ತು. ಯಂತ್ರ ಸರಿಯಾಗಿದೆ, ನಿನ್ನ ಬೆರಳು ಸರಿಯಿಲ್ಲ ಅಂತೀಯ. ಹೋದ ತಿಂಗಳು ಎಲ್ಲರ ಮುಂದೆ ಅಂದಿದ್ದೀಯಲ್ಲ!”

ಅಂದಿದ್ದು ನಿಜ. ಅವನು ಹೊರಬಂದ.

*

ಎಲ್ಲರೂ ಒಮ್ಮೆಗೇ ಹೊರಬಿದ್ದಿದ್ದಾರೆ ಎಂದರೆ ಪೆಟ್ಟಿಗೆ ನಿಂತು ಮತ್ತೆ ಎದ್ದಿದೆ. ಆದರೆ ಆ ಪೆಟ್ಟಿಗೆಯ ದಿನಚರಿಯಲ್ಲಿ ಯಾಕೆ ನಿಂತಿತೆಂದು ಬರೆದಿರಲಿಲ್ಲ. ತನಗಾದದ್ದು ತನಗೇ ಗೊತ್ತಿಲ್ಲದ ಪೆಟ್ಟಿಗೆ. ಅವನು ಇಷ್ಟು ಹೊತ್ತೂ ಅದನ್ನೇ ಸಾಕ್ಷಿಗೆ ಕರೆಯುತ್ತಿದ್ದ.

ಹೊರಗಿನ ದೊಡ್ಡ ಪೆಟ್ಟಿಗೆಗೂ ಒಂದು ದಿನಚರಿ ಇದೆ. ಅದನ್ನು ತೆರೆದ.

ಸೋಮವಾರ, ಒಂದು ಗಂಟೆ ಆರು ನಿಮಿಷ. ವರದಿಗಳ ಪೆಟ್ಟಿಗೆಯ ಸ್ನ್ಯಾಪ್‌ಶಾಟ್ ತೆಗೆಯಲಾಗಿದೆ. ಒಂದು ನಲವತ್ತಮೂರು. ಪೆಟ್ಟಿಗೆಯನ್ನು ಆ ಸ್ನ್ಯಾಪ್‌ಶಾಟ್‌ಗೆ ಹಿಂದಿರುಗಿಸಲಾಗಿದೆ.

ಸ್ನ್ಯಾಪ್‌ಶಾಟ್ ಎಂದರೆ ಆ ಗಳಿಗೆಯಲ್ಲಿ ಪೆಟ್ಟಿಗೆ ಹೇಗಿತ್ತೋ ಹಾಗೇ ಹಿಡಿದಿಡುವುದು. ಮುಂದೆ ಏನಾದರೂ ಕೆಟ್ಟರೆ ಆ ಗಳಿಗೆಗೆ ಮರಳಬಹುದು. ನಡುವೆ ನಡೆದದ್ದು ನಡೆದೇ ಇಲ್ಲ ಎಂದಾಗುತ್ತದೆ. ಪೆಟ್ಟಿಗೆಯ ಒಳಗೆ ಮಾತ್ರ. ಹೊರಗೆ ಚೀಟಿ ಮುದ್ರಣವಾಗಿರುತ್ತದೆ, ಬಾಟಲಿಗೆ ಅಂಟಿರುತ್ತದೆ. ಶಾಲೆಯ ನಲ್ಲಿಯಲ್ಲಿ ನೀರು ಬರುತ್ತಲೇ ಇರುತ್ತದೆ.

ಯಾರು? ಬಳಸಿದ ಹೆಸರು ಅವನದೇ. ಬಳಸಿದ ಕಂಪ್ಯೂಟರಿನ ಸಂಖ್ಯೆ ಮೂವತ್ತೇಳು. ಯಾವ ಮೇಜಿಗೆ ಯಾವ ಸಂಖ್ಯೆ ಎಂಬ ಪಟ್ಟಿ ಮಾಡಿದವನು ಅವನು. ಪಟ್ಟಿ ನೋಡುವ ಅಗತ್ಯವಿರಲಿಲ್ಲ. ಆದರೂ ತೆಗೆದು ನೋಡಿದ.

ಎರಡು ಸಾಲು. ಅಳಿಸಿದರೆ ಕೇಳುವವರಿಲ್ಲ, ಈ ಗೂಡಿಗೆ ಬೇರೆ ಯಾರೂ ಬರುವುದಿಲ್ಲ. ಬೆರಳು ಕೀಲಿಯ ಮೇಲೆ ಹೋಯಿತು. ಅಕ್ಕ ಎದ್ದು ನಿಂತದ್ದು ಕಣ್ಣಿಗೆ ಕಟ್ಟಿತು. ಅವನು ಎರಡು ಸಾಲನ್ನೂ ಕಾಗದಕ್ಕೆ ಮುದ್ರಿಸಿ ಮಡಚಿ ಜೇಬಿಗಿಟ್ಟ.

ಮನೆಗೆ ಹೋಗುವಾಗ ಉಗ್ರಾಣದ ಬಾಗಿಲ ಮುಂದೆ ನಿಂತ. ಒಳಗೆ ದೀಪವಿತ್ತು. ಅಣ್ಣ ಕೆಮ್ಮುವುದು ಕೇಳಿಸಿತು. ಅವನು ಒಳಗೆ ಹೋಗಲಿಲ್ಲ.

*

ಗುರುವಾರ ಹನ್ನೊಂದೂವರೆ. ನಿರ್ದೇಶಕಿಯ ಮೇಜಿನ ಮೇಲೆ ವಜಾ ಪತ್ರವಿತ್ತು. ಅಕ್ಕ ಮತ್ತು ಮೀಸೆ ಕುಳಿತಿದ್ದರು. ಬಾಟಲಿಗಳನ್ನು ತಂದುಕೊಟ್ಟ ಅಣ್ಣ ಬಾಗಿಲ ಬಳಿಯೇ ನಿಂತ.

“ಆ ಹುಡುಗಿ ಕಣ್ಣು ಬಿಟ್ಟಿದ್ದಾಳಂತೆ,” ಎಂದರು ನಿರ್ದೇಶಕಿ. “ಈಗ ಹೇಳಿ.”

ಅವನು ನಿಂತೇ ಹೇಳಿದ. “ಅಕ್ಕ ವರದಿ ಹಾಕಿದ್ದು ನಿಜ. ಎರಡೂ ಚೀಟಿ ಅಸಲು, ಮರುಮುದ್ರಣದ ಚುಕ್ಕೆ ಯಾವುದರಲ್ಲೂ ಇಲ್ಲ. ಒಂದೇ ಸಂಖ್ಯೆ ಎರಡು ಸಲ ಬರಬೇಕಾದರೆ ಯಂತ್ರವನ್ನ ಯಾರೋ ಹಿಂದಕ್ಕೆ ಕೊಂಡೊಯ್ದಿರಬೇಕು. ಒಂದು ನಲವತ್ತಮೂರಕ್ಕೆ ಅದನ್ನ ಒಂದು ಗಂಟೆ ಆರರ ಸ್ಥಿತಿಗೆ ತಿರುಗಿಸಿದ್ದಾರೆ. ಆ ನಡುವೆ ಉಳಿದ ಪರೀಕ್ಷಕರೆಲ್ಲ ಊಟಕ್ಕೆ ಹೋಗಿದ್ದರು. ಕೆಲಸ ಮಾಡ್ತಿದ್ದವರು ಅಕ್ಕ ಒಬ್ಬರೇ. ಅದಕ್ಕೇ ಅವರದೊಂದೇ ವರದಿ ಹೋಯ್ತು.”

“ಊಟಕ್ಕೆ ಹೋಗಿದ್ದರೆ ಉಳೀತಿತ್ತು ಅನ್ನಿ,” ಎಂದಳು ಅಕ್ಕ.

ಅವನು ಜೇಬಿನ ಕಾಗದವನ್ನು ಬಿಡಿಸಿ ಮೇಜಿನ ಮೇಲಿಟ್ಟ.

ನಿರ್ದೇಶಕಿ ಕಾಗದ ಓದಿದರು. “ಇಲ್ಲಿ ನಿಮ್ಮ ಹೆಸರೇ ಇದೆ.”

“ಆ ಹೊತ್ತಿನಲ್ಲಿ ನಾನು ಇದೇ ಕೋಣೆಯಲ್ಲಿದ್ದೆ ಮೇಡಂ. ಹೊಸ ಕಂಪ್ಯೂಟರುಗಳ ಪಟ್ಟಿ ತೋರಿಸ್ತಿದ್ದೆ.”

“ಹೌದು. ಎರಡರವರೆಗೆ.” ಅವರು ಕನ್ನಡಕ ತೆಗೆದರು. “ಹಾಗಾದ್ರೆ ಈ ಮೂವತ್ತೇಳನೇ ಕಂಪ್ಯೂಟರ್ ಯಾರದು?”



“ಅದು ನಂದು,” ಎಂದ ಅಣ್ಣ, ಬಾಗಿಲ ಬಳಿಯಿಂದಲೇ.

ಮೀಸೆಯ ಬಾಯಿ ತೆರೆದೇ ಉಳಿಯಿತು.

“ಉಗ್ರಾಣದ ಪಟ್ಟಿಯೂ ಅದೇ ಪೆಟ್ಟಿಗೇಲಿದೆ ಮೇಡಂ. ಜಾಗ ಇಲ್ಲ ಅಂತಿತ್ತು. ಏನು ಬರೆದ್ರೂ ಉಳೀತಿರ್ಲಿಲ್ಲ. ಮೂರು ಸಲ ಹೇಳ್ದೆ…” ಅಣ್ಣ ನಿಲ್ಲಿಸಿದ. ಯಾರಿಗೆ ಹೇಳಿದ್ದ ಎಂದು ಯಾರೂ ಕೇಳಲಿಲ್ಲ. ಮೂರು ಸಲವೂ ‘ನೋಡೋಣ’ ಎಂದವನು ಕಾಲ ಬಳಿಯ ನೆಲ ನೋಡುತ್ತಿದ್ದ. “ಜಾಗ ನಾನೇ ದೊಡ್ಡದು ಮಾಡೋಣ ಅಂತ ಕೂತೆ. ಏನಾದ್ರೂ ಮುಟ್ಟೋ ಮುಂಚೆ ಸ್ನ್ಯಾಪ್‌ಶಾಟ್ ತೆಗೀಬೇಕು, ಕೆಟ್ಟರೆ ಹಿಂದಕ್ಕೆ ಹೋಗಬಹುದು ಅಂತ ಇವನು ಎಲ್ಲರಿಗೂ ಪಾಠ ಹೇಳಿದ್ದ. ತೆಗೆದೆ. ಕೆಟ್ಟಿತು. ಪೆಟ್ಟಿಗೆ ಏಳಲೇ ಇಲ್ಲ. ಹಿಂದಕ್ಕೆ ಹೋದೆ. ಎದ್ದುಬಿಡ್ತು. ಊಟದ ಹೊತ್ತು, ಯಾರೂ ಇಲ್ಲ, ಏನೂ ಹೋಗಿರಲ್ಲ ಅಂದುಕೊಂಡೆ.”

“ಅಕ್ಕನ ಮೇಲೆ ಬಂದಾಗಲಾದ್ರೂ ಹೇಳಬೇಕಿತ್ತಲ್ಲ!” ಎಂದರು ನಿರ್ದೇಶಕಿ.

“ಹೇಳಬೇಕಿತ್ತು.”

“ಸೋಮವಾರದಿಂದ ಸುಮ್ಮನಿದ್ದಿರಿ.”

“ಇದ್ದೆ.”

“ಇವರ ಪಾಸ್‌ವರ್ಡ್ ನಿಮಗೆಲ್ಲಿ ಸಿಕ್ತು?”

ಅವನು ತಲೆ ಎತ್ತಿದ. ಅಣ್ಣ ಅವನತ್ತ ನೋಡಲಿಲ್ಲ.

“ಇವನ ಡ್ರಾಯರ್‌ನಲ್ಲಿ ಒಂದು ಚೀಟಿ ಇತ್ತು. ಇವನಿಲ್ಲದಾಗ ಕದ್ದು ನೋಡ್ದೆ. ಇವನಿಗೆ ಗೊತ್ತಿಲ್ಲ.”

ಗಡಿಯಾರ ಹನ್ನೆರಡು ತೋರಿಸಿತು. ನಿರ್ದೇಶಕಿ ವಜಾ ಪತ್ರವನ್ನು ಹರಿದು, ಇನ್ನೊಂದು ಹಾಳೆ ಎಳೆದುಕೊಂಡರು. “ಕದ್ದ ಪಾಸ್‌ವರ್ಡ್ ಅಂದ್ರೆ ನನ್ನ ಕೈಲಿ ಏನೂ ಇಲ್ಲ. ನಾಳೆಯಿಂದ ಬರಬೇಡಿ.” ಆಮೇಲೆ ಅವನಿಗೆ, “ಸ್ವಂತ ಅಣ್ಣ ಅಂತ ಮುಚ್ಚಿಡಲಿಲ್ಲ. ಅದು ದೊಡ್ಡತನ,” ಎಂದರು.

ಹೊರಗೆ ಕಾರಿಡಾರಿನಲ್ಲಿ ಅಕ್ಕ ಅವನನ್ನು ನಿಲ್ಲಿಸಿದಳು. “ಯಂತ್ರ ಸುಳ್ಳು ಹೇಳಲ್ಲ ಅಂದ್ರಲ್ಲ.”

“ಮರೆತಿತ್ತು ಅಕ್ಕ.”

“ನಾನು ಮರೆಯಲ್ಲ,” ಎಂದು ಆಕೆ ತನ್ನ ಬಾಟಲಿ ಹಿಡಿದು ಹೋದಳು.

*

ಸಂಜೆ ಅಣ್ಣನ ಮನೆಗೆ ಹೋದ. ಹೋಗದಿರಲು ಆಗಲಿಲ್ಲ. ಅತ್ತಿಗೆ ಚಹಾ ತಂದಳು. ಲೋಟವನ್ನು ಅವನ ಕೈಗೆ ಕೊಡಲಿಲ್ಲ, ಮೇಜಿನ ಮೇಲಿಟ್ಟಳು.

“ಅಂಥ ಚೀಟೀನ ಡ್ರಾಯರ್‌ನಲ್ಲಿ ಬಿಸಾಕಿ ಹೋಗ್ತಾರೇನೋ? ಒಂದು ಬೀಗ ಹಾಕಿದ್ರೆ ಇವರಿಗೆ ಈ ಗತಿ ಬರ್ತಿತ್ತಾ?”

“ಬಿಡೇ,” ಎಂದ ಅಣ್ಣ. “ಕದ್ದು ನೋಡಿದವನು ನಾನು. ಅವನಿಗ್ಯಾಕಂತೀಯ? ಒಬ್ಬನಿಗಾದ್ರೂ ಕೆಲಸ ಇರಲಿ.” ನಂತರ ಅವನಿಗೆ, “ಸಕ್ಕರೆ ಸಾಕೇನೋ?”

“ಸಾಕು.”

ಅತ್ತಿಗೆ ಅವನನ್ನೇ ನೋಡುತ್ತಿದ್ದಳು. ಉತ್ತರಕ್ಕಾಗಿ ಕಾದಳು. ಅವನು ಚಹಾ ಕುಡಿದ.

ಡ್ರಾಯರ್‌ನಲ್ಲಿ ಚೀಟಿ ಇರಲೇ ಇಲ್ಲ. ಮೂರು ವಾರದ ಹಿಂದೆ, ಹಲ್ಲು ಕೀಳಿಸಲು ಬೇಗ ಹೊರಡುವ ಅವಸರದಲ್ಲಿ, ತಾನಿಲ್ಲದಾಗ ಏನಾದರೂ ಕೆಟ್ಟರೆ ಇರಲಿ ಎಂದು, ಅಣ್ಣ ಬೇಡವೆಂದರೂ ಕೇಳದೆ, ಅವನೇ ತನ್ನ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಅಣ್ಣನ ಅಂಗಿಯ ಜೇಬಿಗೆ ತುರುಕಿದ್ದ. ಅದನ್ನು ಅವನು ನಿರ್ದೇಶಕಿಗೆ ಹೇಳಲಿಲ್ಲ. ಅಕ್ಕನಿಗೆ ಹೇಳಲಿಲ್ಲ. ಅತ್ತಿಗೆಗೂ ಹೇಳಲಿಲ್ಲ.